ಅತ್ತೆಗೆ ತಿಳಿಯದ ಭಾಷೆ

ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿ ಇಂಗ್ಲಿಷ್ ಇರುವುದು ಮಾತಾಡುವುದಕ್ಕಲ್ಲ, ಬಚ್ಚಿಡುವುದಕ್ಕೆ. ನಾನೂ ನಮ್ಮವರೂ ಮದುವೆಯಾದ ಹೊಸತರಲ್ಲೇ ಈ ಉಪಾಯ ಕಂಡುಕೊಂಡಿದ್ದೆವು. ಅಡುಗೆಮನೆ, ಹಜಾರ, ಒಂದು ಕೋಣೆ, ಇಷ್ಟೇ ಇರುವ ಮದ್ದೂರಿನ ನಮ್ಮ ಮನೆಯಲ್ಲಿ ಗಂಡಹೆಂಡಿರು ಗುಟ್ಟು ಮಾತಾಡಬೇಕೆಂದರೆ ಒಂದೋ ತಾರಸಿಗೆ ಹೋಗಬೇಕು, ಇಲ್ಲವೇ ಇಂಗ್ಲಿಷಿಗೆ ಹೋಗಬೇಕು. ತಾರಸಿಯಲ್ಲಿ ಪಕ್ಕದ ಮನೆಯವರು ಸದಾ ಬಟ್ಟೆ ಒಣಗಿಸುತ್ತಾ ನಿಂತಿರುತ್ತಾರೆ. ಹಾಗಾಗಿ ಅತ್ತೆಯ ಎದುರಿಗೇ ಕೂತು, "ಸಂಡೇ ಫಿಲಂ ಗೋಯಿಂಗ್, ಮದರ್ ಡೋಂಟ್ ಟೆಲ್" ಎಂದು ಮಾತಾಡಿಕೊಳ್ಳುತ್ತಿದ್ದೆವು. ನಿಜವಾಗಿ ಇಂಗ್ಲಿಷ್ ಬಲ್ಲವರು ಯಾರಾದರೂ ಕೇಳಿದ್ದರೆ ಅವರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಅತ್ತೆಗೆ ಗೊತ್ತಾಗಬಾರದು ಎಂಬುದಷ್ಟೇ ನಮಗೆ ಮುಖ್ಯವಾಗಿತ್ತು. ಅವರು ತಮ್ಮ ಪಾಡಿಗೆ ಸೊಪ್ಪು ಸೋಸುತ್ತಾ ಕೂತಿರುತ್ತಿದ್ದರು, ನಾವು ಗೆದ್ದವರ ಹಾಗೆ ಎದ್ದು ಹೋಗುತ್ತಿದ್ದೆವು.

ನಾನು ಕೆಲಸ ಮಾಡುವ ಕಚೇರಿಗೆ ಹೊಸ ಸಾಹೇಬರು ಬಂದ ಮೇಲೆ ಈ ಬಚ್ಚಿಡುವ ಇಂಗ್ಲಿಷ್ ಸಾಲದಾಯಿತು. ಅವರು ಮೀಟಿಂಗಿನಲ್ಲಿ ಇಂಗ್ಲಿಷಿನಲ್ಲೇ ಪ್ರಶ್ನೆ ಕೇಳುವವರು, ನಾನು ಎಲ್ಲದಕ್ಕೂ ತಲೆಯಾಡಿಸುವವಳು. ಹಾಗೆ ತಲೆಯಾಡಿಸಿ ಒಂದು ದಿನ ಯಾರಿಗೂ ಬೇಡದ ಕೆಲಸವೊಂದನ್ನು ಸಂತೋಷದಿಂದ ಒಪ್ಪಿಕೊಂಡುಬಿಟ್ಟೆ. ಇನ್ನು ಕಲಿಯದೆ ಗತಿಯಿಲ್ಲ ಎನಿಸಿ ಮಂಡ್ಯದ ಬಸ್ ಸ್ಟ್ಯಾಂಡಿನ ಹತ್ತಿರ ಹಳೇ ಪುಸ್ತಕ ಮಾರುವವನ ಮುಂದೆ ನಿಂತು, "ಇಂಗ್ಲಿಷ್ ಕಲಿಯೋಕೆ ಏನಾದ್ರೂ ಇದ್ರೆ ಕೊಡಪ್ಪ" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗ್ರಾಮರ್ ಓದುದ್ರೆ ನಿದ್ದೆ ಬತ್ತದೆ ಮೇಡಂ, ಕೊಲೆ ಓದುದ್ರೆ ಬರಕ್ಕಿಲ್ಲ. ಇದ್ ತಕಳಿ" ಎಂದು ತೆಳ್ಳನೆಯ ಪುಸ್ತಕಗಳ ಕಟ್ಟೊಂದನ್ನು ಕೊಟ್ಟ. ಎಲ್ಲವೂ ಮಕ್ಕಳಿಗೂ ತಿಳಿಯುವಂಥ ಇಂಗ್ಲಿಷಿನಲ್ಲಿ ಬರೆದ ಪತ್ತೇದಾರಿ ಕಥೆಗಳು. ಮೊದಲ ಕಥೆಯ ಮೊದಲ ಸಾಲೇ, "ದಿ ಮ್ಯಾನ್ ಈಸ್ ಡೆಡ್." ನನಗೆ ಒಂದೇ ಓದಿಗೆ ಅರ್ಥವಾದ ಮೊದಲ ಇಂಗ್ಲಿಷ್ ವಾಕ್ಯ ಅದು. ಒಬ್ಬ ಸತ್ತದ್ದಕ್ಕೆ ಅಷ್ಟು ಸಂತೋಷಪಟ್ಟದ್ದು ನಾನು ಅದೇ ಮೊದಲು.

ಸಂಜೆ ಕಚೇರಿಯಿಂದ ಬಂದು, ಅಡುಗೆಮನೆಯ ಕಟ್ಟೆಗೆ ಪುಸ್ತಕ ಒರಗಿಸಿಕೊಂಡು, ಮುದ್ದೆ ತೊಳಸುತ್ತಾ ಗಟ್ಟಿಯಾಗಿ ಓದುವುದನ್ನು ಅಭ್ಯಾಸ ಮಾಡಿಕೊಂಡೆ. ಎರಡನೆಯ ದಿನವೇ ಅತ್ತೆ ಬಾಗಿಲಿಗೆ ಬಂದು ನಿಂತರು.

"ಅದೇನವ್ವ, ಬಂದಾಗ್ಲಿಂದ ಡೆಡ್ಡು ಡೆಡ್ಡು ಅಂತಿದ್ದೀಯ? ಯಾರ್ಗೇನಾಯ್ತು?"

"ಒಬ್ಬ ಸಾಹುಕಾರ ಅತ್ತೆ. ಕುರ್ಚಿ ಮೇಲೆ ಸತ್ತು ಬಿದ್ದಿದ್ದಾನೆ. ಡೆಡ್ಡು ಅಂದ್ರೆ ಸತ್ತೋದ ಅಂತ."

"ಯಾರ್ ಮಾಡುದ್ರಂತೆ?"

"ಇನ್ನೂ ಗೊತ್ತಾಗಿಲ್ಲ."

"ಗೊತ್ತಾಗಿಲ್ಲ ಅಂದ್ರೆ? ಇತ್ಲಾಗ್ ಕೊಡು ಆ ಕೋಲ. ಮುದ್ದೆ ನಾನ್ ತೊಳಸ್ತೀನಿ, ನೀನ್ ಓದು."

ಹೀಗೆ ನನಗೆ ಮುದ್ದೆ ತೊಳಸುವುದರಿಂದ ಬಿಡುಗಡೆಯಾಯಿತು, ಅತ್ತೆಗೆ ಇಂಗ್ಲಿಷ್ ಹಿಡಿಯಿತು. ನಾನು ಒಂದು ವಾಕ್ಯ ಓದುವುದು, ಕನ್ನಡದಲ್ಲಿ ಹೇಳುವುದು, ಅವರು ಅದರಲ್ಲಿನ ಕಷ್ಟದ ಮಾತನ್ನು ಎಲೆಅಡಿಕೆಯ ಜೊತೆ ನಿಧಾನವಾಗಿ ಅಗಿಯುವುದು. ಡೆಡ್, ಬಾಡಿ, ಬ್ಲಡ್, ನೈಫ್, ಪಾಯ್ಸನ್, ವಿಟ್ನೆಸ್, ಹೈಡ್, ಟೆಲ್, ಲೈ. ಕೆಲವೇ ವಾರಗಳಲ್ಲಿ ನಮ್ಮಿಬ್ಬರ ಇಂಗ್ಲಿಷ್ ಎಂಥ ಸ್ಥಿತಿಗೆ ಬಂತೆಂದರೆ, ಬೆಂಗಳೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲು ಬರುತ್ತಿರಲಿಲ್ಲ, ಹೆಣವನ್ನು ಎಲ್ಲಿ ಬಚ್ಚಿಟ್ಟಿದ್ದೀಯ ಎಂದು ಸರಾಗವಾಗಿ ಕೇಳಬಹುದಿತ್ತು. ಕಚೇರಿಯಲ್ಲಿ ಇದರಿಂದ ಏನೂ ಪ್ರಯೋಜನವಾಗಲಿಲ್ಲ. ಸಾಹೇಬರ ಬಾಯಲ್ಲಿ ಒಂದು ದಿನವೂ ರಕ್ತವಾಗಲಿ ವಿಷವಾಗಲಿ ಬರಲಿಲ್ಲ, ಬರೀ ಪ್ರೊಸೀಡಿಂಗ್ಸ್ ಬರುತ್ತಿತ್ತು.

ಅತ್ತೆಗೆ ಆ ಕಥೆಗಳ ಬಗ್ಗೆ ದೊಡ್ಡ ತಕರಾರಿತ್ತು. "ಒಲದ್ ಬದಿನ ಜಗಳ ಇಲ್ಲ, ನಾಲೆ ನೀರಿನ ಜಗಳ ಇಲ್ಲ, ಎಣ್ಣು ಕೊಟ್ಟು ತರೋದ್ರಲ್ಲಿ ಮನಸ್ತಾಪ ಇಲ್ಲ. ಒಂದ್ ಸರಕ್ಕೋಸ್ಕರ ಕೊಲೆ ಮಾಡ್ತಾರಾ? ಬರ್ದೋನ್ಗೆ ಸಂಸಾರ ಗೊತ್ತಿಲ್ಲ ಕಣವ್ವ" ಎನ್ನುತ್ತಿದ್ದರು. ಆದರೂ ಕೊಲೆಗಾರ ಯಾರೆಂದು ಅರ್ಧ ಪುಸ್ತಕಕ್ಕೇ ಹೇಳಿಬಿಡುತ್ತಿದ್ದರು. ನಾನು ಕೊನೆಯ ಪುಟದವರೆಗೂ ಯಾರದೋ ಮೇಲೆ ಅನುಮಾನ ಇಟ್ಟುಕೊಂಡು ಪ್ರತಿ ಸಲವೂ ನಿರಪರಾಧಿಯೊಬ್ಬನನ್ನು ಜೈಲಿಗೆ ಕಳಿಸುತ್ತಿದ್ದೆ.

ಅತ್ತೆಗೆ ಒಬ್ಬರೇ ತಮ್ಮ, ಮರಿಸ್ವಾಮಿ ಅಂತ. ಕಿರುಗಾವಲಿನಲ್ಲಿದ್ದರು. ನಮ್ಮ ಮಾವ ಬೇಗ ತೀರಿಕೊಂಡಾಗ ನಮ್ಮವರನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವರು ಅವರೇ. ಅಕ್ಕತಮ್ಮ ದಿನಾ ಬೆಳಿಗ್ಗೆ ಫೋನಿನಲ್ಲಿ ಜಗಳವಾಡಬೇಕು, ಆಮೇಲೇ ಇಬ್ಬರಿಗೂ ಕಾಫಿ ರುಚಿಸುವುದು. ಒಂದು ಭಾನುವಾರ ಬೆಳಿಗ್ಗೆ ಅವರ ಫೋನ್ ಬರಲಿಲ್ಲ. ಸ್ವಲ್ಪ ಹೊತ್ತಿಗೆ ನಮ್ಮವರ ಫೋನಿಗೆ ಅಲ್ಲಿಂದ ದಾಯಾದಿಯೊಬ್ಬರು ಮಾಡಿದರು. ಸರ್ಕಲಿನ ಟೀ ಅಂಗಡಿ ಬೆಂಚಿನ ಮೇಲೆ ಕೂತಿದ್ದವರು ಹಾಗೇ ಪಕ್ಕಕ್ಕೆ ವಾಲಿದರಂತೆ, ಮಳವಳ್ಳಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. "ನಿಮ್ಮವ್ವಂಗೆ ಸೀರಿಯಸ್ಸು ಅಂತ ಮಾತ್ರ ಏಳು ಕಣ್ಲಾ. ಏನಾರ ತಿನ್ನುಸ್ಕಂಡು ಕರ್ಕಂಬಾ" ಎಂದು ಅವರು ಅಪ್ಪಣೆ ಮಾಡಿದರು.

ನಮ್ಮ ಕಡೆ ಸತ್ತವರು ತಕ್ಷಣ ಸಾಯುವುದಿಲ್ಲ. ಹತ್ತಿರದವರು ಬಂದು ಮುಖ ನೋಡುವ ತನಕ ಸೀರಿಯಸ್ಸಾಗಿರುತ್ತಾರೆ. ಸಾವು ಎಂದು ಕಿವಿಗೆ ಬಿದ್ದರೆ, ಮಣ್ಣಾಗುವ ತನಕ ಒಡಹುಟ್ಟಿದವರು ಒಂದು ಗುಟುಕು ನೀರನ್ನೂ ಬಾಯಿಗೆ ಬಿಡುವುದಿಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ, ಮೇಲೆ ಹೃದಯಕ್ಕೆ ಸ್ಟೆಂಟು ಹಾಕಿಸಿದ್ದಾರೆ. ಏನೂ ತಿನ್ನದೆ, ಮಾತ್ರೆ ನುಂಗದೆ ಬಿಸಿಲಲ್ಲಿ ಸಂಜೆಯವರೆಗೆ ಅತ್ತರೆ ಒಂದು ಮನೆಯಿಂದ ಎರಡು ಹೆಣ ಎತ್ತಬೇಕಾಗುತ್ತಿತ್ತು. ನಮ್ಮವರು ಕಣ್ಣು ಒರೆಸಿಕೊಂಡು ಒಳಗೆ ಹೋಗಿ, "ಅವ್ವ, ಮಾವಂಗೆ ಸ್ವಲ್ಪ ಸೀರಿಯಸ್ಸಂತೆ, ನೋಡ್ಕಂಡ್ ಬರೋಣ" ಎಂದರು. ಅತ್ತೆ ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು, ಏನೂ ಕೇಳದೆ ಸೀರೆ ಬದಲಾಯಿಸಲು ಹೋದರು. ನಾನು ಅವಸರದಲ್ಲಿ ಉಪ್ಪಿಟ್ಟು ಕೆದಕಿದೆ. ಅವರು ಬೇಡವೆಂದರು, ನಾವೂ ಮುಟ್ಟಲಿಲ್ಲ. ಸುಳ್ಳು ಗಟ್ಟಿಯಾಗಿರಲಿ ಎಂದು, ಕಾಯಿಲೆಯವರನ್ನು ನೋಡಲು ಹೋಗುವ ಹಾಗೆ, ದಾರಿಯಲ್ಲಿ ಒಂದು ಚೀಲ ಸೇಬು ಕೊಂಡೆ.

ಕಾರಿನಲ್ಲಿ ನಾವಿಬ್ಬರೂ ಮುಂದೆ, ಅತ್ತೆ ಹಿಂದೆ. ಊರು ದಾಟುತ್ತಲೇ ಮತ್ತೆ ಫೋನು. ನಮ್ಮವರು "ಹ್ಞೂಂ, ಹ್ಞೂಂ" ಎಂದು ಕೇಳಿಸಿಕೊಂಡು, ಇಟ್ಟು, ಎಷ್ಟೋ ವರ್ಷದ ರೂಢಿಯಂತೆ ನನ್ನ ಕಡೆ ವಾಲಿ ಬಚ್ಚಿಡುವ ಭಾಷೆಗೆ ಇಳಿದರು.

"ಬಾಡಿ ಹೌಸ್ ಕೇಮ್."

"ಈವ್ನಿಂಗ್ ಓನ್ಲಿ ಫ್ಯೂನರಲ್?"

"ಯೆಸ್. ಮದರ್ ಡೋಂಟ್ ಟೆಲ್. ಫಸ್ಟ್ ಈಟಿಂಗ್."

"ಡೆಡ್ ಅಂತ ಅಲ್ಲಿ ಯಾರೂ ಟೆಲ್ ಮಾಡ್ಬಾರ್ದು, ಫೋನ್ ಮಾಡಿ ಹೇಳ್ಬಿಡಿ" ಎಂದು ಬಾಯಿಂದ ಬಿಟ್ಟ ಮೇಲೆ ನನಗೆ ಹೊಳೆಯಿತು. ಬಾಡಿ, ಡೆಡ್, ಟೆಲ್. ಒಂದೊಂದು ಮಾತೂ ನಾನೇ ಒಲೆಯ ಮುಂದೆ ನಿಂತು ಅತ್ತೆಗೆ ಕಲಿಸಿದ್ದು. ಅವರಿಗೆ ಗೊತ್ತಿರದ ಇಂಗ್ಲಿಷ್ ಪ್ರಪಂಚದಲ್ಲಿ ಬೇಕಾದಷ್ಟಿತ್ತು. ನಾವು ಮಾತ್ರ ಅವರಿಗೆ ಗೊತ್ತಿರುವುದನ್ನೇ ಆರಿಸಿ ಆರಿಸಿ ಆಡಿದ್ದೆವು. ಕನ್ನಡಿಯಲ್ಲಿ ಹಿಂದಕ್ಕೆ ನೋಡಿದೆ. ಅತ್ತೆ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಾ ಕೂತಿದ್ದರು. ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ಗಾಳಿಯ ಸದ್ದಿಗೆ ಕೇಳಿಸಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮಳವಳ್ಳಿ ಬರುತ್ತಲೇ ಅತ್ತೆ ಹಿಂದಿನಿಂದ ಮಗನನ್ನು ಕರೆದರು. "ನಾಗ, ಓಟ್ಲತ್ರ ನಿಲ್ಸಪ್ಪ. ಒಟ್ಟೆ ಅಸೀತದೆ."

ನನಗೆ ದೇವರೇ ಬಂದು ಮಾತಾಡಿದ ಹಾಗಾಯಿತು. ತಮ್ಮ ಸತ್ತದ್ದು ತಿಳಿದ ಅಕ್ಕ ಹೀಗೆ ಬಾಯಿಬಿಟ್ಟು ಹಸಿವು ಎನ್ನುತ್ತಾಳೆಯೇ? ಅತ್ತೆ ಇಡ್ಲಿ ಮುರಿದರು. ನಮ್ಮವರು ಬರೀ ಕಾಫಿ ಸಾಕೆಂದಾಗ ಗದರಿಸಿದರು. "ಏನ್ಲಾ, ನಾನೊಬ್ಳೇ ತಿನ್ಬೇಕಾ? ನೀನ್ ತಿನ್ನೋಗಂಟ ನಾನ್ ಮುಟ್ಟಕ್ಕಿಲ್ಲ. ತಿನ್ನು. ನೀನೂ ತಿನ್ನವ್ವ." ಅವರು ಅನುಮಾನ ಪಡಬಾರದೆಂದು ನಮ್ಮವರು ಕಣ್ಣು ಕೆಳಗೆ ಹಾಕಿ ಇಡ್ಲಿ ತಿಂದರು, ದೋಸೆಯನ್ನೂ ತಿಂದರು. ಅತ್ತೆ ಮಾತ್ರೆ ನುಂಗಿ ನೀರು ಕುಡಿದರು. ಸಿಕ್ಕಿಬೀಳದೆ ಪಾರಾದ ಕೊಲೆಗಾತಿಯಂತೆ ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಕಿರುಗಾವಲಿನಲ್ಲಿ ಮನೆಯ ಮುಂದೆ ಶಾಮಿಯಾನ ಹಾಕಿದ್ದರು, ಸಾವಿನ ಮನೆಯ ಗುರುತಾಗಿ ಸೌದೆ ಹೊತ್ತಿಸಿದ್ದರು. ಇನ್ನು ಸುಳ್ಳಿಗೆ ಜಾಗವೇ ಇರಲಿಲ್ಲ. ಆದರೆ ಅಭ್ಯಾಸಬಲ ನೋಡಿ, ಕಾರಿನಿಂದ ಇಳಿಯುವಾಗ ನಾನು ಸೇಬಿನ ಚೀಲವನ್ನೂ ಎತ್ತಿಕೊಂಡಿದ್ದೆ. ಮುಂದೆ ಹೋಗುತ್ತಿದ್ದ ಅತ್ತೆ ತಿರುಗಿ ನೋಡಿ, ಮೆಲ್ಲಗೆ, "ಅದ ಕಾರ್ನಲ್ಲೇ ಬುಡವ್ವ" ಎಂದರು. ಆಮೇಲೆ ಯಾರನ್ನೂ ಏನೂ ಕೇಳದೆ ನೇರ ಹೋಗಿ ತಮ್ಮನ ಎದೆಯ ಮೇಲೆ ಬಿದ್ದರು. "ನನ್ ತವ್ರ ಬಾಗ್ಲ ಮುಚ್ಬುಟ್ಟು ಒಂಟೋದ್ಯಲ್ಲೋ, ಇನ್ಯಾರ್ ಜೊತೆ ಜಗಳ ಆಡ್ಲೋ" ಎಂದು ಅವರು ಅತ್ತದ್ದನ್ನು ಕೇಳಿ ನನಗೂ ತಡೆಯಲಾಗಲಿಲ್ಲ. ಹೊಲದಲ್ಲಿ ಮಣ್ಣು ಮಾಡುವಷ್ಟರಲ್ಲಿ ಹೊತ್ತು ಮುಳುಗಿತು. ಅಲ್ಲಿಯವರೆಗೂ ನಮ್ಮವರು ಬಿಸಿಲಲ್ಲಿ ಓಡಾಡಿದರು, ಚಟ್ಟಕ್ಕೆ ಹೆಗಲು ಕೊಟ್ಟರು.

ತಿಥಿಯೆಲ್ಲ ಮುಗಿದು ಮದ್ದೂರಿಗೆ ಬಂದ ಮೇಲೆ ಪುಸ್ತಕದ ಕಟ್ಟು ಹಾಗೇ ಬಿದ್ದಿತ್ತು. ಮುಟ್ಟಲು ನನಗೆ ಧೈರ್ಯವಿರಲಿಲ್ಲ. ಒಂದು ಸಂಜೆ ಅತ್ತೆಯೇ ಬಂದು ಮುದ್ದೆ ಕೋಲು ಕೈಗೆತ್ತಿಕೊಂಡು, "ಓದು ಮತ್ತೆ. ಅರ್ಧಕ್ ನಿಂತೋಗದೆ" ಎಂದರು. ನಾನು ಪುಟ ತೆರೆದೆ, ಮೊದಲ ಸಾಲಿನಲ್ಲೇ ಬಾಡಿ ಇತ್ತು. ಮುಂದೆ ಓದಲಾಗದೆ ಕೇಳಿಬಿಟ್ಟೆ.

"ಅತ್ತೆ, ಅವತ್ತು ಕಾರಲ್ಲಿ ನಾವು ಆಡಿದ್ದು ನಿಮಗೆ ಗೊತ್ತಾಗಿತ್ತಲ್ವಾ?"

"ಗೊತ್ತಾಗ್ದೆ ಏನು? ನೀನೇ ಯೋಳ್ಕೊಟ್ಟಿದ್ದಲ್ವಾ."

"ಮತ್ತೆ ಇಡ್ಲಿ ತಿಂದ್ರಿ?"

"ನಾಗ ಬೆಳಗಿಂದ ಏನೂ ತಿಂದಿರ್ನಿಲ್ಲ. ಅವನು ಚಟ್ಟ ಒರ್ಬೇಕಿತ್ತು. ಖಾಲಿ ಒಟ್ಟೇಲಿ ಒತ್ತಿದ್ರೆ ದಾರೀಲೇ ಬಿದ್ದೋಗೋನು. ನಂಗ್ ಗೊತ್ತು ಅಂದಿದ್ರೆ ಅವನ್ ತಿಂತಿದ್ನಾ? ಗಂಟ್ಲಲ್ಲಿ ಇಳೀದೆ ಓದ್ರೂ ನುಂಗ್ದೆ ಕಣವ್ವ. ನಮ್ ಮರಿಸ್ವಾಮಿ ಬೈಯಕ್ಕಿಲ್ಲ ಬುಡು."

ನಾವು ಅವರಿಗೆ ತಿನ್ನಿಸಲು ಬಚ್ಚಿಟ್ಟಿದ್ದೆವು, ಅವರು ನಮಗೆ ತಿನ್ನಿಸಲು ಬಚ್ಚಿಟ್ಟಿದ್ದರು. ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಆ ದುಃಖದಲ್ಲೂ, ಇದೆಲ್ಲ ನಾನು ಹೇಳಿಕೊಟ್ಟ ಇಂಗ್ಲಿಷಿನ ಫಲವಲ್ಲವೇ ಎಂಬ ಒಂದು ಹನಿ ಮೇಷ್ಟರ ಹೆಮ್ಮೆ ಇಣುಕದೆ ಇರಲಿಲ್ಲ. "ಹಾಗಾದ್ರೆ ಕಾರಲ್ಲಿ ಇವರು ಬಾಡಿ ಅಂದಾಗಲೇ ತಿಳೀತು ನಿಮಗೆ" ಎಂದೆ.

"ಕಾರ್ನಲ್ಲಾ? ಅದಕ್ಕಿಂತ ಮುಂಚೇನೇ ತಿಳೀತು" ಎಂದರು ಅತ್ತೆ. "ಈ ಮನೆಗ್ ಬಂದಾಗ್ಲಿಂದ ನೀನು ಒಂದಿನ ನನ್ ಚಪ್ಲಿ ಮುಟ್ಟಿದ್ದೋಳಲ್ಲ. ಅವತ್ತು ಒರ್ಡೋವಾಗ ಮೂಲೇಲಿದ್ದ ಚಪ್ಲಿ ಎತ್ಕಂಡ್ ಬಂದು, ಧೂಳ್ ಒರ್ಸಿ, ನನ್ ಕಾಲ್ ಮುಂದೆ ಮಡಗ್ದೆ. ಆಗ್ಲೇ ಅಂದ್ಕಂಡೆ, ಮರಿಸ್ವಾಮಿ ಉಳಿದಿಲ್ಲ ಅಂತ."

ಅವರು ಬೈದು ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಬಸ್ಸು ಹೋಯಿತು ಎನ್ನುವಷ್ಟು ಸಾದಾ ದನಿಯಲ್ಲಿ ಹೇಳಿ ಮುದ್ದೆ ಕಟ್ಟಲು ಕೂತರು. ಇಷ್ಟು ವರ್ಷ ಒಂದು ಸೂರಿನಡಿ ಇದ್ದು, ನನ್ನ ಒಂದು ಒಳ್ಳೆಯತನ ಅವರಿಗೆ ಸಾವಿನ ಸುದ್ದಿಯಾಗಿ ಕಂಡಿತಲ್ಲ ಎಂಬುದು ನನ್ನನ್ನು ಬಹಳ ಕೊರೆಯಿತು. ಇನ್ನು ಮೇಲೆ ಹಾಗಾಗಬಾರದು, ಒಳ್ಳೆಯವಳಾಗಿಬಿಡಬೇಕು ಎಂದು ತೀರ್ಮಾನಿಸಿದೆ. ಮುಂದಿನ ವಾರ ಅವರನ್ನು ಸಕ್ಕರೆ ಪರೀಕ್ಷೆಗೆ ಮಂಡ್ಯಕ್ಕೆ ಕರೆದುಕೊಂಡು ಹೋಗಬೇಕಿತ್ತು. ಹೊರಡುವಾಗ ಮನಸ್ಸಾರೆ ಚಪ್ಪಲಿ ತಂದು ಅವರ ಕಾಲ ಮುಂದಿಟ್ಟೆ. ಅತ್ತೆ ಬಾಗಿಲವಾಡ ಹಿಡಿದುಕೊಂಡು ನಿಂತುಬಿಟ್ಟರು. ಮುಖ ಬಿಳಿಚಿಕೊಂಡಿತು.

"ಯಾರವ್ವ?" ಎಂದರು.

"ಯಾರೂ ಇಲ್ಲ ಅತ್ತೆ, ಸುಮ್ನೆ" ಎಂದೆ. ನಂಬಲಿಲ್ಲ. "ನಾಗ ಎಲ್ಲವ್ನೆ? ಫೋನ್ ಮಾಡು" ಎಂದರು. ಸೋಮನಹಳ್ಳಿಯ ಫ್ಯಾಕ್ಟರಿಯಲ್ಲಿದ್ದ ನಮ್ಮವರ ದನಿ ಕೇಳಿಸಿದರೂ ಅವರು ಬಾಗಿಲವಾಡ ಬಿಡಲಿಲ್ಲ. ಕೊನೆಗೆ ನಾನು ಆ ಚಪ್ಪಲಿಗಳನ್ನು ಕಾಲಿನಿಂದಲೇ ಮೂಲೆಗೆ ತಳ್ಳಿ, "ಬೇಕಾದ್ರೆ ನೀವೇ ಹಾಕ್ಕೊಂಡ್ ಬನ್ನಿ, ನಂಗೇನು ಬೇರೆ ಕೆಲಸ ಇಲ್ವಾ?" ಎಂದು ರೇಗಿದೆ. ಆಗ ಅವರ ಮುಖಕ್ಕೆ ಜೀವ ಬಂತು.