ಗಂಗಕ್ಕ ಅಡ್ಮಿನ್ ಆದ ಪ್ರಸಂಗ

ಕಂಪ್ಯೂಟರ್ ಎಂದರೆ ನನಗೆ ಭಯವಿಲ್ಲ. ಭಯವೆಲ್ಲ ನಮ್ಮ ಯಜಮಾನರಿಗೆ. ಅದೂ ಕಂಪ್ಯೂಟರ್ ಕಂಡರಲ್ಲ, ಅದರ ಮುಂದೆ ನಾನು ಕೂತಿದ್ದು ಕಂಡರೆ!

ನಾನು ಆಲೂರಿನ ಒಬ್ಬ ಕಂಟ್ರಾಕ್ಟರ್ ಬಳಿ ಸೈಟ್ ಎಂಜಿನಿಯರ್. ಆಗ ಬೆಳಗೋಡಿನ ಹತ್ತಿರ ಚನ್ನಬಸಪ್ಪನವರ ಮನೆ ಕಟ್ಟುತ್ತಿದ್ದೆವು. ನಮ್ಮ ನಕ್ಷೆ, ಲೆಕ್ಕ, ಒಪ್ಪಿಗೆ ಎಲ್ಲವೂ ಒಂದು ಸಾಫ್ಟ್‌ವೇರಿನೊಳಗೆ. ಅದರಲ್ಲಿ ನಾನು ‘ಒಪ್ಪಿಗೆ’ ಒತ್ತಿದರೆ ಮಾತ್ರ ಹಾಸನದಿಂದ ಕಾಂಕ್ರೀಟ್ ಲಾರಿ ಹೊರಡುತ್ತದೆ. ಶುಕ್ರವಾರ ಮೋಲ್ಡ್, ಅಂದರೆ ಕಾಂಕ್ರೀಟಿನ ಸೂರು, ಹಾಕುವುದೆಂದು ನಿಗದಿಯಾಗಿತ್ತು. ಅದು ತಪ್ಪಿದರೆ ಲಾರಿ ಮತ್ತೆ ಸಿಗುವಷ್ಟರಲ್ಲಿ ಮಳೆ ಹಿಡಿದುಬಿಡುತ್ತದೆ. ಆಮೇಲೆ ಮನೆ ದೀಪಾವಳಿವರೆಗೂ ಸೂರಿಲ್ಲದೆ ನಿಲ್ಲಬೇಕು, ನಾನು ಚನ್ನಬಸಪ್ಪನವರಿಗೆ ಮುಖ ತೋರಿಸದೆ ಓಡಾಡಬೇಕು.

ಅಷ್ಟರಲ್ಲಿ ಕಂಟ್ರಾಕ್ಟರ್ ರಮೇಶಣ್ಣ ಫೋನ್ ಮಾಡಿದರು. “ಶೈಲಾ, ಆ ಮನೆಯೋರು ನಕ್ಷೆ ಕಳ್ಸಿ, ನಕ್ಷೆ ಕಳ್ಸಿ ಅಂತ ನನ್ ತಲೆ ತಿಂತಾವ್ರೆ. ಎಲ್ರಿಗೂ ಸಾಫ್ಟ್‌ವೇರಲ್ಲಿ ನೋಡೋ ಅನುಮತಿ ಕೊಟ್ಬುಡಿ. ನೋಡೋದಷ್ಟೇ ಕಣ್ರೀ, ಮುಟ್ಟೋ ಹಂಗಿಲ್ಲ!”

ಎಲ್ಲರಿಗೂ ಎಂದರೆ ನಿಜಕ್ಕೂ ಎಲ್ಲರಿಗೂ. ಕೂಡುಕುಟುಂಬದಲ್ಲಿ ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬಿಟ್ಟರೆ ಬಿಟ್ಟವರು ಗೃಹಪ್ರವೇಶದ ಊಟಕ್ಕೇ ಬರುವುದಿಲ್ಲ. ಹಾಗಾಗಿ ಮನೆಯೊಡತಿ ಗಂಗಕ್ಕ (ದಾಖಲೆಯಲ್ಲಿ ಗಂಗಮ್ಮ), ಅವರ ಗಂಡ ಚನ್ನಬಸಪ್ಪ, ಮೈದುನ ಮಲ್ಲೇಶಣ್ಣ ಇವರಿಂದ ಹಿಡಿದು ಮಗ್ಗೆ ಊರಿನಲ್ಲಿರುವ ಅಳಿಯಂದಿರವರೆಗೆ ಹೆಸರುಗಳು ಸಾಲುಗಟ್ಟಿದವು. ಒಂದೊಂದೇ ಹೆಸರು ಸೇರಿಸುತ್ತಾ ಕೂರುವುದು ಸಾಮಾನ್ಯ ಜನರ ಕೆಲಸ. ನಾನು ಸಾಮಾನ್ಯಳೇ?

ಈ ಸಾಫ್ಟ್‌ವೇರಿಗೆ ಎಪಿಐ ಎಂಬ ಹಿಂಬಾಗಿಲಿದೆ. ಹೆಸರುಗಳನ್ನೆಲ್ಲ ಒಂದೇ ಆಜ್ಞೆಯಲ್ಲಿ ಬರೆದು ಅಲ್ಲಿಗೆ ಕಳಿಸಿದರೆ ಎಲ್ಲರಿಗೂ ಒಟ್ಟಿಗೆ ಅನುಮತಿ ಸಿಗುತ್ತದೆ. ಇದಕ್ಕೆ ಹೊಸ ದಾರಿ ಒಂದು, ಹಳೇ ದಾರಿ ಒಂದು. ಹೊಸದು ನೀವ್ಯಾರು, ಎಲ್ಲಿಯವರು, ಯಾರು ಕಳಿಸಿದ್ದು ಎಂದು ಹೆಣ್ಣು ನೋಡಲು ಬಂದವರಂತೆ ವಿಚಾರಿಸುತ್ತದೆ. ಹಳೆಯದು ಏನೂ ಕೇಳುವುದಿಲ್ಲ. ಅದರ ತಲೆಯ ಮೇಲೆ ಕೆಂಪಕ್ಷರದಲ್ಲಿ ‘ಈ ದಾರಿಯನ್ನು ಕೈಬಿಡಲಾಗಿದೆ, ಬಳಸಬೇಡಿ’ ಎಂದಿತ್ತು, ಅಷ್ಟೇ.

ನಮ್ಮ ಘಾಟಿ ಕಡೆಯವರಿಗೆ ಇಂಥ ಬೋರ್ಡು ಹೊಸದೇ? ‘ರಸ್ತೆ ಮುಚ್ಚಿದೆ’ ಎಂದು ಬರೆದಿದ್ದರೆ ಅದು ಹೊರಗಿನವರಿಗೆ. ನಾವು ಬೋರ್ಡಿನ ಪಕ್ಕದ ಸಂದಿಯಲ್ಲಿ ಬೈಕು ನುಗ್ಗಿಸಿ, ಯಾರದೋ ಎಸ್ಟೇಟ್ ಒಳಗಿಂದ ಹಾದು, ಆ ಕಡೆ ಎದ್ದು ಕಾಫಿ ಕುಡಿಯುವವರು.

ಹಿಂದೆ ನಿಂತಿದ್ದ ಯಜಮಾನರು ಇಣುಕಿದರು. “ಅದೇನೋ ಕೆಂಪಗೆ ಬರ್ದೈತಲ್ಲೇ?”

“ಅದು ಗೊತ್ತಿಲ್ಲದೋರಿಗೆ ಕಣ್ರೀ.”

‘ಹಂತ ಒಂದು’ ಎಂದರೆ ನೋಡುವ ಅನುಮತಿ. ಎಲ್ಲರ ಹೆಸರಿನ ಮುಂದೆಯೂ ಒಂದು ಹಾಕಿ ಕಳಿಸಿದೆ. ‘ಯಶಸ್ವಿ’ ಎಂದಿತು ಪರದೆ. ನಾನು ಗಂಡನ ಕಡೆ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮರುದಿನ ಗುರುವಾರ, ತಿಂಡಿ ಹೊತ್ತಿಗೆ ರಮೇಶಣ್ಣನ ಫೋನು. “ಏನ್ ಮಾಡಿದ್ರಿ ಮಾರಾಯ್ತಿ? ಸಾಫ್ಟ್‌ವೇರು ನನ್ನೇ ಒಳಗ್ ಬಿಡ್ತಿಲ್ಲ!”

ನಾನು ಗಡಿಬಿಡಿಯಿಂದ ತೆರೆದು ನೋಡಿದೆ. ನನ್ನನ್ನೂ ಬಿಡಲಿಲ್ಲ. ಅಷ್ಟರಲ್ಲಿ ಹಾಸನದ ಕಾಂಕ್ರೀಟಿನವರು ಫೋನ್ ಮಾಡಿ ಕೇಳಿದರು: “ಮೇಡಂ, ಮೋಲ್ಡ್ ಬೇಡ ಅಂತ ಬಂದಿದೆ. ಲಾರಿ ಬೇರೆಯವರಿಗೆ ಕೊಡ್ಲಾ?”

ಬೇಡ ಎಂದವರು ಯಾರು! ಸಂಜೆವರೆಗೆ ತಡೆಯಿರಿ ಎಂದು ಅವರ ಕೈಕಾಲು ಹಿಡಿದು, ಸಾಫ್ಟ್‌ವೇರಿನವರ ಸಹಾಯವಾಣಿಗೆ ಫೋನಾಯಿಸಿದೆ.

“ಮೇಡಂ, ಹಳೇ ದಾರೀಲಿ ಹಂತ ಒಂದು ಅಂದ್ರೆ ಪೂರ್ತಿ ಅಧಿಕಾರ. ಹೊಸದ್ರಲ್ಲಿ ಮಾತ್ರ ನೋಡೋದು. ಅದೂ ಅಲ್ದೆ, ಹಳೇದು ಮೊದಲೇ ಇದ್ದ ಹೆಸರೆಲ್ಲ ಅಳಿಸಿ, ನೀವು ಕಳಿಸಿದ ಹೆಸರಷ್ಟನ್ನೇ ಇಡುತ್ತೆ. ಅದಕ್ಕೇ ಬಳಸಬೇಡಿ ಅಂತ ಕೆಂಪಗೆ ಬರೆದಿದ್ವಿ. ನೋಡಿಲ್ವಾ?”

ನೋಡಿದ್ದೆ. ಹಾಗಾಗಿ ಮಾತು ಬದಲಿಸಿದೆ.

“ಈಗ ಸರಿ ಮಾಡಿ ಸಾರ್.”

“ನಮಗಾಗಲ್ಲ ಮೇಡಂ. ಅಡ್ಮಿನ್ ಒಪ್ಪಬೇಕು. ಇಲ್ಲಿ ಮೊದಲನೇ ಹೆಸರು... ಗಂಗಮ್ಮ ಅಂತಿದೆ.”

ಯಜಮಾನರು ತಮ್ಮ ದಿನಸಿ ಅಂಗಡಿಯ ಬಾಗಿಲು ಹಾಕಿ, ನನ್ನನ್ನು ಗಂಗಕ್ಕನ ಬಳಿ ಕರೆದೊಯ್ಯಲು ಬೈಕ್ ತೆಗೆದರು. ದಾರಿಯುದ್ದಕ್ಕೂ ಒಂದು ಮಾತೂ ಬೈಯಲಿಲ್ಲ. ಬೆನ್ನು ಮಾತ್ರ ನಗುತ್ತಾ ಕುಲುಕುತ್ತಿತ್ತು.

ಗಂಗಕ್ಕ ಅಂಗಳದಲ್ಲಿ ಹಲಸಿನ ಹಪ್ಪಳ ಒತ್ತುತ್ತಿದ್ದರು. ಪಕ್ಕದ ಜಗಲಿಯಲ್ಲಿ ಯುದ್ಧ ನಡೆದಿತ್ತು. ಮಲ್ಲೇಶಣ್ಣ ತನಗೆ ಬೇರೆ ಮೆಟ್ಟಿಲು ಬೇಕೆಂದು ಬರೆದು, ತಾನೇ ಒಪ್ಪಿಗೆಯನ್ನೂ ಕೊಟ್ಟುಕೊಂಡಿದ್ದರು. ಅಣ್ಣ ತಿರಸ್ಕರಿಸಿದ್ದರು. ತಮ್ಮ ಮತ್ತೆ ಒಪ್ಪಿದ್ದರು. ಇಬ್ಬರೂ ಮಾತು ಬಿಟ್ಟು ಬರೀ ಬೆರಳಲ್ಲೇ ಜಗಳವಾಡುತ್ತಿದ್ದರು!

“ಗಂಗಕ್ಕ, ಮೋಲ್ಡ್ ಬೇಡ ಅಂತ ಒತ್ತಿದ್ದು ಯಾರಕ್ಕ?”

“ನಾನೇ ಕಣವ್ವ. ಒಪ್ತೀಯೋ ಇಲ್ವೋ ಅಂತ ಕೇಳ್ತು. ಇಲ್ಲ ಅಂತ ಒತ್ಬುಟ್ಟೆ. ಅಡುಗೆಮನೇಲಿ ನಿಂತ್ರೆ ಕಣ ಕಾಣೋ ಹಂಗೆ ಕಿಟಕಿ ಇಡು ಅಂತ ಬಾಯ್ ನೋಯೋವರ್ಗೂ ಹೇಳ್ದೆ. ಎಲಿವೇಷನ್ ಕೆಟ್ಟು ಮನೆ ಅಂದ ಹೋಗ್ತೈತೆ ಅಂದೆ ನೀನು. ಒಣಾಕಿರೋ ಕಾಫೀನ ಯಾರ್ ನೋಡ್ಕೊಳ್ಳೋರು, ನಿನ್ ಎಲಿವೇಷನ್ನಾ?”

ಅಲ್ಲೇ ಹಪ್ಪಳದ ಪಕ್ಕ ಕೂತು, ಗಂಗಕ್ಕನ ಫೋನಿನಲ್ಲೇ ನಕ್ಷೆ ತೆರೆದು ಕಿಟಕಿ ಬರೆದೆ.

“ಇನ್ನೊಸಿ ದೊಡ್ಡದು,” ಎಂದರು ಅಡ್ಮಿನ್.

ದೊಡ್ಡದು ಮಾಡಿದೆ. ಗಂಗಕ್ಕ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಮೋಲ್ಡಿಗೆ ಒಪ್ಪಿಗೆ ಒತ್ತಿದರು. ಮೈದುನನ ಮೆಟ್ಟಿಲನ್ನು ತೆಗೆದುಹಾಕಿದರು. ಅಣ್ಣತಮ್ಮಂದಿರ ಅಧಿಕಾರವನ್ನೂ ಕಿತ್ತುಕೊಂಡರು. ಇಬ್ಬರೂ ಫೋನು ಜೇಬಿಗಿಟ್ಟುಕೊಂಡರು.

ಶುಕ್ರವಾರ ಲಾರಿ ಬಂತು, ಸಂಜೆಯೊಳಗೆ ಮೋಲ್ಡೂ ಮುಗಿಯಿತು. ರಮೇಶಣ್ಣ ಖುಷಿಯಿಂದ ನನ್ನನ್ನು ಬೈಯುವುದನ್ನೇ ಮರೆತರು. ನನಗೂ ಕಣ್ಣಲ್ಲಿ ನೀರು ಬರುವಷ್ಟು ನೆಮ್ಮದಿ. ಅದೇ ಸಮಯ ನೋಡಿ ಗಂಗಕ್ಕನ ಬಳಿ ಹೋಗಿ, ನಮ್ಮ ಅಧಿಕಾರ ನಮಗೆ ವಾಪಸ್ ಕೊಡಿ ಎಂದು ವಿನಂತಿಸಿದೆ. ಅವರು ರಮೇಶಣ್ಣನಿಗೆ ಪೂರ್ತಿ ಅಧಿಕಾರ ಕೊಟ್ಟರು. ನನಗೆ ನೋಡುವುದಷ್ಟೇ!

“ಅಕ್ಕಾ, ನಂದು?”

ಗಂಗಕ್ಕ ನನ್ನ ತಲೆ ಸವರಿ, ರಮೇಶಣ್ಣನ ಕಡೆ ತಿರುಗಿ ಹೇಳಿದರು: “ಪಾಪ, ಹುಡುಗಿ ಇನ್ನೂ ಕಲೀತಾ ಅವ್ಳೆ. ಇನ್ನೊಂದೆರಡು ಮನೆ ಕಟ್ಲಿ. ಆಮೇಲೆ ಕೊಡಾನ.”

ರಮೇಶಣ್ಣ ಗಂಭೀರವಾಗಿ ತಲೆಯಾಡಿಸಿದರು. ಈ ಕೆಲಸದಲ್ಲಿ ನನ್ನ ತಲೆಕೂದಲು ನೆರೆತಿರುವುದನ್ನು ಇಬ್ಬರಲ್ಲಿ ಒಬ್ಬರಾದರೂ ಗಮನಿಸಬಹುದಿತ್ತು.