ಸಾಮಾನ್ಯ ಸದಸ್ಯ

ಬೀಗದಣ್ಣನಿಗೆ ಬಂದ ಕಾಗದದಲ್ಲಿ ಆ ಒಂದು ಪದ ಇಲ್ಲದೇ ಹೋಗಿದ್ದರೆ, ಅವನು ಎಂದಿನಂತೆ ಏಳೆಂಟು ಬೀಗ ಬಿಚ್ಚಿ, ನಾಲ್ಕು ಕೀಲಿ ಉಜ್ಜಿ, ಮನೆಗೆ ಹೋಗಿ ಉಂಡು ಮಲಗುತ್ತಿದ್ದ. ಆ ಪದ 'ಸಾಮಾನ್ಯ'.

ದೊಡ್ಡಾಸ್ಪತ್ರೆಯ ಗೇಟಿಗೆ ಅಂಟಿಕೊಂಡಂತೆ ಅವನದೊಂದು ತಗಡಿನ ಪೆಟ್ಟಿಗೆ ಅಂಗಡಿ. ಆಸ್ಪತ್ರೆಯ ಬೀರು, ಲಾಕರು, ಔಷಧದ ಕಪಾಟು, ಶವಾಗಾರದ ಬಾಗಿಲು ಎಲ್ಲಕ್ಕೂ ಅವನೇ ವೈದ್ಯ. ಹೊರಗಿನ ಗಿರಾಕಿ ದಿನಕ್ಕೆ ಇಬ್ಬರು ಬಂದರೆ ಹೆಚ್ಚು. ಮನೆಯ ಒಲೆ ಉರಿಯುತ್ತಿದ್ದುದು ಆಸ್ಪತ್ರೆಯ ಬೀಗಗಳಿಂದಲೇ. ಆ ಆಸ್ಪತ್ರೆಯಲ್ಲಿ ಒಂದು ನೀತಿ ಸಮಿತಿ ಇತ್ತು. ಡಾಕ್ಟರುಗಳು ರೋಗಿಗಳ ಮೇಲೆ ಏನಾದರೂ ಹೊಸದನ್ನು ಪರೀಕ್ಷೆ ಮಾಡಬೇಕೆಂದರೆ ಈ ಸಮಿತಿ ಒಪ್ಪಬೇಕು. ಸಮಿತಿಯಲ್ಲಿ ಐದು ಜನ ಓದಿದವರು, ಒಬ್ಬ ಸಾಮಾನ್ಯ. ಇದ್ದ ಸಾಮಾನ್ಯರು ಮಗಳ ಊರಿಗೆ ಹೊರಟುಹೋದರು. ಇನ್ನೊಬ್ಬ ಸಾಮಾನ್ಯನನ್ನು ಎಲ್ಲಿಂದ ತರುವುದಪ್ಪಾ ಎಂದು ಸಮಿತಿಯ ಗುಮಾಸ್ತರು ಕಿಟಕಿಯಿಂದ ಹೊರಗೆ ನೋಡಿದರು. ಬೀಗದಣ್ಣ ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ಕೂತಿದ್ದ. ಅಲ್ಲಿಗೆ ಆಯ್ಕೆ ಮುಗಿಯಿತು.

ಕಾಗದ ಬಂದದ್ದೇ ಮನೆಯಲ್ಲಿ ಒಂದು ಪವಾಡ ನಡೆಯಿತು. ಅತ್ತೆ ಮಾತಾಡಿದರು.

ಅತ್ತೆ ಮೂಗಿಯೇನಲ್ಲ. ಎಂಟು ವರ್ಷದಿಂದ ಮಗಳ ಮನೆಯಲ್ಲೇ ಇದ್ದಾರೆ, ಬೆಳಗಿನಿಂದ ಸಂಜೆವರೆಗೆ ಬಾಯಿಗೆ ಬಿಡುವಿಲ್ಲ. ಆದರೆ ಅಳಿಯನ ಮುಖ ನೋಡಿ ಒಂದು ಮಾತು ಆಡಿದವರಲ್ಲ. ಅವನು ಎದುರಿಗೇ ಕೂತಿದ್ದರೂ ಮಗಳ ಕಡೆ ತಿರುಗಿ, "ಬೀಗದವರಿಗೆ ಅನ್ನ ಸಾಕಾ ಕೇಳು" ಎನ್ನುವವರು. ಮಗಳಿಗೆ ಗುಮಾಸ್ತನನ್ನಾದರೂ ನೋಡಬೇಕಿತ್ತು ಎಂಬ ಕೊರಗು ಅವರಿಗೆ. ಅಂಥ ಅತ್ತೆ ಕಾಗದ ಓದಿಸಿ ಕೇಳಿ, ಸೆರಗು ಸರಿಮಾಡಿಕೊಂಡು, ನೇರ ಅವನ ಕಣ್ಣಲ್ಲಿ ಕಣ್ಣಿಟ್ಟು, "ಅಳಿಯಂದಿರೇ, ಡಾಕ್ಟರುಗಳ ಸರಿಸಮ ಕೂರ್ತೀರಾ? ನಾನೂ ಬಂದು ಕಣ್ತುಂಬ ನೋಡ್ತೀನಿ" ಎಂದರು. ಏನಾದರಾಗಲಿ, ಈ 'ಅಳಿಯಂದಿರೇ' ಇನ್ನು ಕೈಬಿಟ್ಟು ಹೋಗಕೂಡದು ಎಂದು ಬೀಗದಣ್ಣ ಮನಸ್ಸಿನಲ್ಲೇ ನಿರ್ಧರಿಸಿದ.

ಸಭೆಯ ದಿನ ಬೆಳಿಗ್ಗೆ ಅಂಗಡಿಯಲ್ಲಿ ಕಾಗದವನ್ನು ಪಕ್ಕದ ದರ್ಜಿಗೆ ತೋರಿಸಿದ್ದೇ ತಪ್ಪಾಯಿತು.

"'ಸಾಮಾನ್ಯ ಸದಸ್ಯ'," ದರ್ಜಿ ಬೆರಳಿಟ್ಟು ಓದಿ ನಕ್ಕ. "ಲೋ, ಇದರರ್ಥ ಗೊತ್ತಾಯ್ತಾ? ಉಳಿದ ಐದು ಜನ ಬುದ್ಧಿವಂತರು, ನೀನೊಬ್ಬ ದಡ್ಡ ಅಂತ. ಮರ್ಯಾದೆಯಾಗಿ ಬರೆದಿದ್ದಾರೆ ಅಷ್ಟೆ."

"ಹಾಗೆಲ್ಲ ಇರಲ್ಲ ಬಿಡು."

"ಇರಲ್ವಾ? ನಿನ್ನತ್ತೆ ಬೇರೆ ಬರ್ತಾರೆ ಅಂತೀಯ. ಅಲ್ಲಿ ಯಾರೋ ಏನೋ ಕೇಳ್ತಾರೆ, ನೀನು ಬಾಯಿಬಾಯಿ ಬಿಡ್ತೀಯ. ಅವರು ಮತ್ತೆ ಮಗಳ ಕಡೆ ತಿರುಗ್ತಾರೆ, ನೋಡ್ಕೋ."

ಈ ಮಾತು ನಾಟಿತು. ಬೀಗದಣ್ಣ ಕೈಲಿದ್ದ ಅರ ಕೆಳಗಿಟ್ಟು ಸೀದಾ ಎದುರುಮನೆಯ ನಿವೃತ್ತ ಮೇಷ್ಟ್ರ ಬಾಗಿಲು ಬಡಿದ. ಮೇಷ್ಟ್ರು ಮೂವತ್ತು ವರ್ಷ ಕಾಲೇಜಿನಲ್ಲಿ ನೀತಿಶಾಸ್ತ್ರ ಹೇಳಿದವರು. ನಿವೃತ್ತರಾದ ಮೇಲೆ ಕೇಳುವ ಕಿವಿ ಒಂದೂ ಸಿಗದೆ ಸೊರಗಿದ್ದರು. ಈಗ ಗಿರಾಕಿ ತಾನಾಗಿ ಬಂದದ್ದು ನೋಡಿ ಅಂಗಿ ಹಾಕಿಕೊಂಡು ಅಂಗಡಿಗೇ ಬಂದು ಸ್ಟೂಲಿನ ಮೇಲೆ ಕೂತರು.

"ಮೊದಲು ಇದು ತಿಳ್ಕೊ ಕಣಯ್ಯ. ನೀತಿ ಬೇರೆ, ನೀತಿಶಾಸ್ತ್ರ ಬೇರೆ. ಕಂಡವರ ಮನೆ ಬೀಗ ತೆಗೀಬಾರದು ಅಂತ ನೀನು ನಡ್ಕೊಳ್ತೀಯಲ್ಲ, ಅದು ನೀತಿ. ಯಾಕೆ ತೆಗೀಬಾರದು ಅಂತ ಕೂತು ಯೋಚಿಸೋದು ನೀತಿಶಾಸ್ತ್ರ."

"ಓಹೋ," ಎಂದು ಬೀಗದಣ್ಣ ಬೀಗದ ರಟ್ಟಿನ ಡಬ್ಬಿ ಹರಿದು ಅದರ ಮೇಲೆ ಬರೆದುಕೊಂಡ.

"ಶಾಸ್ತ್ರಕ್ಕೆ ಮೂರು ಕವಲು. ಒಂದು, 'ಒಳ್ಳೇದು' ಅಂದ್ರೇನು? ಅದು ಆಕಾಶದಿಂದ ಬಂತೋ, ನಾವು ನಾವೇ ಮಾಡ್ಕೊಂಡಿದ್ದೋ? ಎರಡು, ಹೇಗೆ ನಡೀಬೇಕು? ಇಲ್ಲಿ ಮೂರು ಪಂಗಡ. ಕರ್ತವ್ಯ ಅಂದ್ರೆ ಕರ್ತವ್ಯ, ಏನೇ ಆಗಲಿ ಅನ್ನೋರು ಒಬ್ಬರು. ಪರಿಣಾಮ ನೋಡಪ್ಪ ಅನ್ನೋರು ಇನ್ನೊಬ್ಬರು. ಮನುಷ್ಯನ ಗುಣ ನೆಟ್ಟಗಿದ್ರೆ ಉಳಿದದ್ದು ತಾನಾಗಿ ಸರಿಹೋಗುತ್ತೆ ಅನ್ನೋರು ಮತ್ತೊಬ್ಬರು. ಮೂರನೇ ಕವಲು ಅನ್ವಯ. ಆಸ್ಪತ್ರೆ, ಕಚೇರಿ, ಅಂಗಡಿಗೆ ಇದನ್ನೆಲ್ಲ ಹಚ್ಚಿ ನೋಡೋದು."

ಹನ್ನೊಂದು ಗಂಟೆಯ ಹೊತ್ತಿಗೆ ಬೀಗದಣ್ಣನಿಗೆ ಲೋಕವೇ ಬೇರೆಯಾಗಿ ಕಾಣತೊಡಗಿತು. ಇಷ್ಟು ದಿನ ಇದನ್ನೆಲ್ಲ ತಿಳಿಯದೆ ಹೇಗೆ ಬದುಕಿದೆನೋ ಎಂದು ಅವನಿಗೆ ತನ್ನ ಮೇಲೇ ಮರುಕ ಹುಟ್ಟಿತು. ಅಷ್ಟರಲ್ಲಿ ಹಿಂದಿನ ಬೀದಿಯ ಪಿಟೀಲು ಟೀಚರ್ ಏದುಸಿರು ಬಿಡುತ್ತ ಓಡಿಬಂದರು. ಕೈಯಲ್ಲಿ ಪಿಟೀಲಿನ ಪೆಟ್ಟಿಗೆ, ಕಾಲಲ್ಲಿ ಒಂದೇ ಚಪ್ಪಲಿ.

"ಬೀಗದಣ್ಣ, ಬೇಗ ಬಾ! ಬಾಗಿಲು ತಾನಾಗೇ ಹಾಕ್ಕೊಂಡುಬಿಡ್ತು, ಕೀಲಿ ಒಳಗೆ. ಒಲೆ ಮೇಲೆ ಹಾಲಿಟ್ಟಿದ್ದೀನಿ!"

ಇಂಥ ಹೊತ್ತಿನಲ್ಲಿ ಬೀಗದಣ್ಣನದು ಇಪ್ಪತ್ತು ವರ್ಷದ ಒಂದೇ ಪದ್ಧತಿ. ಪಕ್ಕದ ಮನೆಯವರನ್ನು ಕರೆದು, "ಈ ಮನೆ ಇವರದೇನಾ?" ಎಂದು ಕೇಳುವುದು, ಅವರು ಹೌದೆಂದರೆ ಬೀಗ ತೆಗೆಯುವುದು. ಎಲ್ಲ ಸೇರಿ ಐದು ನಿಮಿಷ. ಆದರೆ ಇವತ್ತು ಅವನ ಜೊತೆ ಮೇಷ್ಟ್ರು ಹೊರಟರು. ಮಜಾ ನೋಡಲು ದರ್ಜಿಯೂ ಹೊರಟ.

ಪಕ್ಕದ ಮನೆಯಾಕೆ ಹೊರಗೆ ಬಂದು, "ಹೌದು, ಇವರದೇ ಮನೆ" ಎಂದಳು. ಬೀಗದಣ್ಣ ಬಗ್ಗಿ ತಂತಿಯನ್ನು ಬೀಗಕ್ಕೆ ಹಾಕಿ, ತಿರುಗಿಸದೆ ನಿಂತ.

"ಇವರದೇ ಅಂದ್ರೆ ಏನರ್ಥ?" ಎಂದು ಕೇಳಿದ.

"ಅಂದ್ರೆ?" ಟೀಚರ್ ಕಣ್ಣರಳಿಸಿದರು. "ಬಾಡಿಗೆ ಮನೆ. ನಾನಿರೋ ಮನೆ!"

"ನೋಡಿದ್ರಾ ಮೇಷ್ಟ್ರೇ, ಬಾಡಿಗೆ. ಹಾಗಾದ್ರೆ ಬಾಗಿಲು ಮಾಲೀಕರದ್ದು, ಹಾಲು ಇವರದ್ದು. ಬಾಗಿಲಿನ ವಿಷಯದಲ್ಲಿ ನನ್ನ ಕರ್ತವ್ಯ ಯಾರ ಕಡೆಗೆ?"

"ಭೇಷ್!" ಮೇಷ್ಟ್ರಿಗೆ ಆನಂದಬಾಷ್ಪ ಬರುವುದೊಂದು ಬಾಕಿ. "ಮೂವತ್ತು ವರ್ಷದಲ್ಲಿ ನನ್ನ ಒಬ್ಬ ವಿದ್ಯಾರ್ಥಿನೂ ಈ ಪ್ರಶ್ನೆ ಕೇಳಲಿಲ್ಲ ಕಣಯ್ಯ. ಕರ್ತವ್ಯವಾದಿ ಏನಂತಾನೆ ಅಂದ್ರೆ..."

"ಕರ್ತವ್ಯವಾದಿ ಆಮೇಲೆ ಅನ್ನಲಿ, ಹೊಗೆ ಬರ್ತಿದೆ!" ಟೀಚರ್ ಕೂಗಿದರು.

"ಬರ್ತಿದೆ, ಒಪ್ಪಿದೆ. ಅದು ಪರಿಣಾಮ," ಎಂದ ಬೀಗದಣ್ಣ ಗಂಭೀರವಾಗಿ. "ಪರಿಣಾಮದ ಕಡೆಯಿಂದ ನೋಡಿದ್ರೆ ತೆಗೀಬೇಕು. ಆದರೆ ಒಂದು ಸಲ ಪರಿಣಾಮಕ್ಕೆ ಸೋತ್ರೆ ನಾಳೆ ಇನ್ನೊಬ್ಬ..."

ಮುಂದಿನ ಮಾತು ಯಾರಿಗೂ ಕೇಳಲಿಲ್ಲ. ಟೀಚರ್ ಪಿಟೀಲಿನ ಪೆಟ್ಟಿಗೆ ಎತ್ತಿ ಅಡುಗೆಮನೆಯ ಕಿಟಕಿಯ ಗಾಜಿಗೆ ಬೀಸಿದರು, ಕೈ ಒಳಗೆ ಹಾಕಿ ಚಿಲಕ ತೆಗೆದರು, ಸೀರೆ ಎತ್ತಿ ಕಟ್ಟಿ ಒಳಗೆ ಹತ್ತಿದರು. ಎರಡು ನಿಮಿಷ ಬಿಟ್ಟು ಕರಿಕಲಾದ ಪಾತ್ರೆ ಹಿಡಿದು ಅದೇ ಕಿಟಕಿಯಲ್ಲಿ ಕಾಣಿಸಿಕೊಂಡರು.

"ಇಪ್ಪತ್ತು ವರ್ಷ ಒಳ್ಳೇ ಮನುಷ್ಯ ಅಂದ್ಕೊಂಡಿದ್ದೆನಲ್ಲೋ ನಿನ್ನ! ಇವತ್ತೇನು ಬಂತು ನಿನಗೆ ದೊಡ್ಡ ರೋಗ?"

ಬೀಗದಣ್ಣನಿಗೆ ಒಂದು ಕ್ಷಣ ಕಸಿವಿಸಿಯಾಯಿತು, ನಿಜ. ಆದರೆ ಮೇಷ್ಟ್ರು ಬೆನ್ನು ತಟ್ಟಿ, ದೊಡ್ಡ ದೊಡ್ಡ ಚಿಂತಕರಿಗೆಲ್ಲ ಮೊದಮೊದಲು ಬೈಗುಳವೇ ಸಿಕ್ಕಿದ್ದು ಎಂದರು. ಅವನಿಗೆ ಮತ್ತೆ ಧೈರ್ಯ ಬಂತು. ಬರಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಂತು.

ಮೂರು ಗಂಟೆಗೆ ಇಸ್ತ್ರಿಯ ಅಂಗಿ ತೊಟ್ಟು, ರಟ್ಟಿನ ಟಿಪ್ಪಣಿ ಜೇಬಿಗಿಟ್ಟು, ಅತ್ತೆಯನ್ನು ಜೊತೆಗೆ ಕರೆದುಕೊಂಡು ಬೀಗದಣ್ಣ ಸಮಿತಿಯ ಕೋಣೆಗೆ ಹೋದ. ಅಧ್ಯಕ್ಷೆ ಡಾಕ್ಟರಮ್ಮ ಒಳ್ಳೆಯ ಹೆಂಗಸು. ಹೊರಗಿನ ಬೆಂಚಿನ ಮೇಲೆ ಬೆವರು ಒರೆಸಿಕೊಳ್ಳುತ್ತಿದ್ದ ಅತ್ತೆಯನ್ನು ಕಂಡು, "ಪಾಪ, ಒಳಗೇ ಫ್ಯಾನಿನ ಕೆಳಗೆ ಕೂತ್ಕೊಳ್ಳಲಿ" ಎಂದರು. ಅತ್ತೆ ಮೂಲೆಯ ಕುರ್ಚಿಯಲ್ಲಿ ಕೂತು, ಅಳಿಯನ ಕುರ್ಚಿಗೂ ಡಾಕ್ಟರುಗಳ ಕುರ್ಚಿಗೂ ಎತ್ತರ ಒಂದೇನಾ ಎಂದು ಕಣ್ಣಲ್ಲೇ ಅಳೆದು ಸಮಾಧಾನಪಟ್ಟುಕೊಂಡರು.

ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಎದ್ದು ತನ್ನ ಯೋಜನೆ ವಿವರಿಸಿದ. ಬೆಂಕಿಪೆಟ್ಟಿಗೆಯಷ್ಟು ದೊಡ್ಡದೊಂದು ಯಂತ್ರ. ಅದನ್ನು ವಾರ್ಡಿನ ರೋಗಿಗಳ ದಿಂಬಿನ ಕೆಳಗಿಟ್ಟರೆ ಅವರು ಎಷ್ಟು ಸಲ ಹೊರಳುತ್ತಾರೆ ಎಂದು ಲೆಕ್ಕ ಹಾಕುತ್ತದೆ. ಒಂದೇ ಷರತ್ತು: ರೋಗಿಗಳಿಗೆ ಗೊತ್ತಾಗಬಾರದು. ಗೊತ್ತಾದರೆ ಅದನ್ನೇ ಯೋಚಿಸುತ್ತ ಹೊರಳುತ್ತಾರೆ.

"ಸಾಮಾನ್ಯ ಸದಸ್ಯರು ಏನಂತೀರಿ?" ಅಧ್ಯಕ್ಷೆ ನಗುತ್ತ ಕೇಳಿದರು.

ಬೀಗದಣ್ಣ ಎದ್ದು ನಿಂತ. ಅಧ್ಯಕ್ಷೆ ಕೂತೇ ಹೇಳಿ ಎಂದರೂ ಅವನು ಕೂರಲಿಲ್ಲ.

"ಮೊದಲು, ಒಳ್ಳೇದು ಅಂದ್ರೇನು?" ಎಂದು ಶುರುಮಾಡಿದ.

ಇಪ್ಪತ್ತೈದು ನಿಮಿಷ ಹೇಳಿದ. ಒಳ್ಳೆಯದು ಆಕಾಶದಿಂದ ಬಂದದ್ದಾದರೆ ದಿಂಬಿನ ಗತಿ ಏನು, ನಾವು ಮಾಡಿಕೊಂಡದ್ದಾದರೆ ಏನು, ಕರ್ತವ್ಯದವರು ದಿಂಬನ್ನು ಹೇಗೆ ನೋಡುತ್ತಾರೆ, ಪರಿಣಾಮದವರು ಹೇಗೆ, ಗುಣದವರು ಹೇಗೆ. ಸದಸ್ಯರು ಮುಖ ಮುಖ ನೋಡಿಕೊಂಡರು. ಮೂಲೆಯಲ್ಲಿ ಅತ್ತೆಯ ಕಣ್ಣು ತುಂಬಿ ಬಂತು. ಅದನ್ನು ಕಂಡ ಮೇಲೆ ಬೀಗದಣ್ಣನನ್ನು ತಡೆಯುವವರೇ ಇಲ್ಲವಾಯಿತು. ಅವನು ಮೂರನೇ ಕವಲಿಗೆ ಹಾರಿದ.

"ಇನ್ನು ಅನ್ವಯ. ಊರಿಗೆಲ್ಲ ನೀತಿ ಹೇಳೋ ನಾವು ಮೊದಲು ನಮಗೆ ಹಚ್ಕೋಬೇಕು. ಈ ಸಮಿತಿಯಲ್ಲಿ ಕೂತವರ ನೆಂಟರಿಷ್ಟರು ಯಾರೂ ಈ ಆಸ್ಪತ್ರೆಯ ಕೆಲಸ ಹಿಡೀಬಾರದು. ಭಾವನೋ, ತಮ್ಮನೋ, ಅಳಿಯನೋ, ಯಾರೇ ಆಗಲಿ. ಇವತ್ತೇ ನಿಯಮ ಮಾಡಿ!"

ತಮ್ಮನಿಂದ ಆಸ್ಪತ್ರೆಯ ಕ್ಯಾಂಟೀನು ನಡೆಸುತ್ತಿದ್ದ ಒಬ್ಬ ಸದಸ್ಯರು ಕೆಮ್ಮಿದರು. ಅಧ್ಯಕ್ಷೆಗೆ ಮಾತ್ರ ಬಹಳ ದಿನದಿಂದ ಆ ಕ್ಯಾಂಟೀನಿನ ಮೇಲೆ ಕಣ್ಣಿತ್ತು. "ಎಂಥ ಮಾತು! ಯಾರದಾದರೂ ಅಡ್ಡಿ ಇದೆಯಾ?" ಎಂದು ಸುತ್ತ ನೋಡಿದರು. ನೀತಿ ಸಮಿತಿಯಲ್ಲಿ ಕೂತು ಇದಕ್ಕೆ ಅಡ್ಡಿ ಎನ್ನಲು ಯಾರಿಗೆ ಧೈರ್ಯ? ನಿಯಮ ಅಲ್ಲೇ ಪಾಸಾಯಿತು. ತಾನೂ ಆಸ್ಪತ್ರೆಯ ಕೆಲಸ ಮಾಡುವವನೇ ಅಲ್ಲವೇ ಎಂಬ ಯೋಚನೆ ಬೀಗದಣ್ಣನ ಹತ್ತಿರವೂ ಸುಳಿಯಲಿಲ್ಲ. ನಿಯಮ ನೆಂಟರಿಗೆ, ಅವನು ಸದಸ್ಯ.

ಅವನು ಕೂತ ಮೇಲೆ ಗುಮಾಸ್ತರು ದಪ್ಪ ಪುಸ್ತಕ ತಿರುವಿ ಅಧ್ಯಕ್ಷೆಯ ಕಿವಿಯಲ್ಲಿ ಏನೋ ಹೇಳಿದರು. ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡರು.

"ನೀವು ನೀತಿಶಾಸ್ತ್ರ ಓದಿದ್ದೀರಾ?"

"ಓದದೆ ಇರ್ತೀನಾ ಮೇಡಂ!" ಬೀಗದಣ್ಣ ಎದೆಯುಬ್ಬಿಸಿದ. "ಮೂರೂ ಕವಲು."

"ಅಯ್ಯೋ, ಹಾಗಾದ್ರೆ ಕಷ್ಟ ಆಯ್ತಲ್ಲ. ಈ ಕುರ್ಚಿ ಶಾಸ್ತ್ರ ಓದದ ಸಾಮಾನ್ಯರಿಗೆ ಅಂತ ನಿಯಮ ಇದೆ. ನಿಮ್ಮನ್ನ ಸಾಮಾನ್ಯರು ಅಂದ್ರೆ ಯಾರು ನಂಬ್ತಾರೆ?"

"ಪರವಾಗಿಲ್ಲ ಮೇಡಂ, ಓದಿದವರ ಕುರ್ಚಿನೇ ಕೊಡಿ."

"ಅದಕ್ಕೆ ಡಿಗ್ರಿ ಬೇಕು. ಎಷ್ಟರವರೆಗೆ ಓದಿದ್ದೀರಿ?"

"ಒಂಬತ್ತನೇ ಕ್ಲಾಸು," ಎಂದ ಬೀಗದಣ್ಣ. ದನಿ ಅವನಿಗೇ ಕೇಳಿಸಲಿಲ್ಲ.

ಸಾಮಾನ್ಯರಿಲ್ಲದೆ ಸಭೆ ನಡೆಯುವಂತಿಲ್ಲ. ಚಿಕ್ಕ ಡಾಕ್ಟರ್ ಯಂತ್ರ ಹಿಡಿದು ದೀನನಾಗಿ ನಿಂತಿದ್ದ. ಆಗ ಮೂಲೆಯಿಂದ ಅತ್ತೆ ಅವನನ್ನು ಕರೆದರು.

"ಅಲ್ಲಪ್ಪಾ, ಮಲಗಿರೋರನ್ನ ಒಂದು ಮಾತು ಕೇಳಿದ್ದೀಯಾ?"

"ಕೇಳಿದ್ರೆ ಅವರಿಗೆ ನಿದ್ದೆ ಬರಲ್ಲ ಅಮ್ಮಾ."

"ಕೇಳದೆ ಇಟ್ಟು, ಬೆಳಿಗ್ಗೆ ಯಾರದೋ ಕೈಗೆ ಸಿಕ್ತು ಅಂತಿಟ್ಕೋ. ಆಮೇಲೆ ಈ ಆಸ್ಪತ್ರೇಲಿ ಯಾರಿಗೆ ನಿದ್ದೆ ಬರುತ್ತೆ?"

ಚಿಕ್ಕ ಡಾಕ್ಟರ್ ಯಂತ್ರವನ್ನು ಜೇಬಿಗೆ ಹಾಕಿಕೊಂಡ. ಕ್ಯಾಂಟೀನಿನ ಸದಸ್ಯರೂ ತಲೆಯಾಡಿಸಿದರು. ಕೇಳದೆ ತೆಗೆಯಬಾರದು ಎಂಬುದು ಇಪ್ಪತ್ತು ವರ್ಷದಿಂದ ತನ್ನದೇ ಪದ್ಧತಿಯಾಗಿತ್ತಲ್ಲ ಎಂದು ಬೀಗದಣ್ಣನಿಗೆ ಆಗ ಹೊಳೆಯಿತು. ಹೊಳೆದು ಏನು ಬಂತು? ಅಧ್ಯಕ್ಷೆ ಆಗಲೇ ಎದ್ದು ಅತ್ತೆಯ ಬಳಿ ಹೋಗಿದ್ದರು.

"ಅಮ್ಮಾ, ನೀವು ಶಾಸ್ತ್ರಗೀಸ್ತ್ರ ಓದಿದ್ದೀರಾ?"

"ರುಜು ಹಾಕೋಕೆ ಬರುತ್ತೆ, ಅಷ್ಟೇ ತಾಯಿ."

"ಸಾಕು! ನಮಗೆ ಸಾಮಾನ್ಯ ಸದಸ್ಯರು ಸಿಕ್ಕರು!"

ಅತ್ತೆಯನ್ನು ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಲಾಯಿತು. ಬೀಗದಣ್ಣ ಎದ್ದು ಜಾಗ ಬಿಟ್ಟ. ಹೋಗಲಿ, ಕುರ್ಚಿ ಮನೆಯಲ್ಲೇ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಗುಮಾಸ್ತರು ಒಂದು ಅರ್ಜಿ ಹಿಡಿದು ಬಂದರು.

"ಒಂದೇ ಪ್ರಶ್ನೆ ಅಮ್ಮಾ. ನಿಮ್ಮ ನೆಂಟರು ಯಾರಾದ್ರೂ ಈ ಆಸ್ಪತ್ರೆಯ ಕೆಲಸ ಮಾಡ್ತಿದ್ದಾರಾ?"

ತಾನೇ ಪಾಸು ಮಾಡಿಸಿದ ನಿಯಮ ಬೀಗದಣ್ಣನಿಗೆ ಆಗ ನೆನಪಾಯಿತು. ಅವನು ಅತ್ತೆಯ ಕಡೆ ಬಗ್ಗಿ, ಹಲ್ಲಿನ ಸಂದಿಯಿಂದ, "ಅತ್ತೆ, ಈ ಕುರ್ಚಿ ಬೇಡ ಅನ್ನಿ. ನಿಮ್ಮ ದಮ್ಮಯ್ಯ!" ಎಂದ.

ಅತ್ತೆ ಅವನನ್ನೇ ನೋಡಿದರು. ಎಂಟು ವರ್ಷದಲ್ಲಿ ಅಷ್ಟು ಅಕ್ಕರೆಯಿಂದ ಅವರು ಯಾರನ್ನೂ ನೋಡಿದ್ದಿಲ್ಲ.

"ಛೆ ಛೆ, ಏನು ಮಾತು ಅಂತ ಆಡ್ತೀರಿ ಅಳಿಯಂದಿರೇ! ಈಗಷ್ಟೇ ನಾಲ್ಕು ಜನರ ಎದುರು ನೀವೇ ಎಷ್ಟು ಚೆನ್ನಾಗಿ ಹೇಳಿದ್ರಿ. ಕೇಳಿ ನನಗೆ ಕಣ್ಣೀರೇ ಬಂತು. ನಿಮ್ಮ ಮಾತನ್ನ ನಾನೇ ಮುರಿದ್ರೆ ಜನ ಏನಂದಾರು?"

ಹೀಗೆಂದು ಗುಮಾಸ್ತರ ಕಡೆ ತಿರುಗಿ, "ಬರ್ಕೊಳ್ಳಿ. ಇಲ್ಲಿನ ಬೀಗದ ಕೆಲಸ ಪೂರ್ತಿ ನಮ್ಮ ಅಳಿಯಂದಿರದ್ದು. ನಾಳೆಯಿಂದ ಬೇರೆಯವರನ್ನ ನೋಡ್ಕೊಳ್ಳಿ" ಎಂದು, ಪೆನ್ನು ಇಸಿದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ನಿಧಾನವಾಗಿ ರುಜು ಹಾಕಿದರು.