ಬಾಲ ಕತ್ತರಿಸಿದ ಇಂಗ್ಲಿಷು

ಎಲ್ಲಕ್ಕೂ ಮೂಲ ಒಂದು ಪದ. ಅದನ್ನು ಫಿರ್ಮೀನುವಿನ ಬಾಯಿಗೆ ತುರುಕಿದವನು ಬಸ್ ಡ್ರೈವರ್ ಜೆಫೆರೀನು.

ಜೆಫೆರೀನು ಇಂಗ್ಲೆಂಡಿನ ದಕ್ಷಿಣಕ್ಕಿರುವ ಜೆರ್ಸಿ ದ್ವೀಪದಲ್ಲಿ ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದವನು. ಅಷ್ಟು ವರ್ಷಗಳಲ್ಲಿ ಪ್ರಯಾಣಿಕರು ಅವನಿಗೆ ಹೇಳಿದ್ದು ‘ಗುಡ್ ಮಾರ್ನಿಂಗ್’ ಮತ್ತು ‘ಥ್ಯಾಂಕ್ ಯೂ’ ಎರಡೇ. ಆದರೂ ಮದೈರಾದಿಂದ ಹೊಟ್ಟೆಪಾಡಿಗೆ ಬಂದ ನಮ್ಮ ಪೋರ್ಚುಗೀಸ್ ಜನರ ನಡುವೆ ಇಂಗ್ಲಿಷ್ ಪಂಡಿತನೆಂದರೆ ಅವನೇ. ಅವನ ಸೂತ್ರವೂ ಸರಳವಾಗಿತ್ತು.

“ನಮ್ಮ ಭಾಷೆ ಬೇರೆ, ಅವರ ಭಾಷೆ ಬೇರೆ ಅನ್ನೋದೆಲ್ಲ ಸುಳ್ಳು ಕಣಯ್ಯಾ. ನಮ್ಮ ಪದಕ್ಕೆ ಒಂದು ಬಾಲ ಇರುತ್ತೆ. ಕತ್ತರಿಸಿಬಿಟ್ರೆ ಇಂಗ್ಲಿಷು. ಇಂಪೊರ್ತಾಂತೆ, ಬಾಲ ತೆಗಿ, ಇಂಪಾರ್ಟೆಂಟ್. ರೆಸ್ತೌರಾಂತೆ, ಬಾಲ ತೆಗಿ, ರೆಸ್ಟೊರೆಂಟ್. ಇದಕ್ಕೆ ಕ್ಲಾಸಿಗೆ ಬೇರೆ ಹೋಗ್ಬೇಕಾ?”

ಸೂತ್ರ ಹತ್ತರಲ್ಲಿ ಏಳು ಸಲ ಸರಿಹೋಗುತ್ತಿತ್ತು. ಉಳಿದ ಮೂರು ಸಲ ಏನಾಗುತ್ತದೆಂದು ತಿಳಿಯುವ ಪ್ರಮೇಯ ಬಸ್ಸಿನೊಳಗೆ ಬಂದಿರಲಿಲ್ಲ.

ಫಿರ್ಮೀನು ಮಾತ್ರ ಕ್ಲಾಸಿಗೆ ಹೋಗುತ್ತಿದ್ದ. ವಯಸ್ಸು ಐವತ್ತನಾಲ್ಕು, ಮದುವೆಯಾಗಿರಲಿಲ್ಲ. ಹೋಟೆಲೊಂದರ ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ತರಕಾರಿ ಹೆಚ್ಚುವ ಕೆಲಸ. ಎಲ್ಲ ತರಕಾರಿಗಳ ಇಂಗ್ಲಿಷ್ ಹೆಸರು, ಮುಖ್ಯ ಬಾಣಸಿಗನ ಎಲ್ಲ ಬೈಗುಳ ಅವನಿಗೆ ಗೊತ್ತು. ಇವೆರಡರಿಂದ ಸಂಸಾರ ನಡೆಸಲಾಗದು ಎಂದು ಎರಡು ಚಳಿಗಾಲದಿಂದ ಬುಧವಾರ ಸಂಜೆ ಮಿಸೆಸ್ ಹಾಲಿಸ್ ಅವರ ಉಚಿತ ಪಾಠಕ್ಕೆ ಕೂರುತ್ತಿದ್ದ. ಮಿಸೆಸ್ ಹಾಲಿಸ್ ನಿವೃತ್ತ ಶಿಕ್ಷಕಿ, ಹಡಗಿನ ಕ್ಯಾಪ್ಟನ್ ಒಬ್ಬರ ವಿಧವೆ. ಒಮ್ಮೆ ಅವರು ಅವನ ಅಕ್ಷರ ನೋಡಿ “ಅಷ್ಟೇನೂ ಕೆಟ್ಟದಾಗಿಲ್ಲ” ಎಂದರು. ಅವನು ಒಂದು ವಾರ ಊಟ ಬಿಟ್ಟ. ಆಮೇಲೆ ಯಾರೋ ತಿಳಿಸಿದರು, ಇಂಗ್ಲಿಷಿನವರು ಹಾಗೆಂದರೆ ಅದು ದೊಡ್ಡ ಹೊಗಳಿಕೆ ಎಂದು. ಆವತ್ತಿನಿಂದ ಅವನು ಕಪ್ಪು ಹಲಗೆ ನೋಡುವುದನ್ನು ಬಿಟ್ಟು ಅವರ ಮುಖ ನೋಡತೊಡಗಿದ. ಇಂಗ್ಲಿಷು ಇದ್ದಲ್ಲೇ ನಿಂತಿತು.

ಮೇ ತಿಂಗಳ ಒಂದು ಭಾನುವಾರ, ಅವರನ್ನು ಕೇಳಿಯೇ ಬಿಡುವುದೆಂದು ನಿರ್ಧರಿಸಿದ. ಮದುವೆಯಾಗಬೇಕೆಂದಿದ್ದೇನೆ ಎನ್ನಲು ನಮ್ಮಲ್ಲಿ ‘ಪ್ರಿತೆಂದೇರ್’ ಎನ್ನುತ್ತಾರೆ. ಇದಕ್ಕೆ ಇಂಗ್ಲಿಷಿನಲ್ಲಿ ಏನೆಂದು ಫಿರ್ಮೀನು ಕೇಳಿದ ತಕ್ಷಣ ಜೆಫೆರೀನು ಬಾಲ ಕತ್ತರಿಸಿ ‘ಪ್ರಿಟೆಂಡ್’ ಎಂದು ಕೈಗಿಟ್ಟ. ಆ ಪದ ಇಂಗ್ಲಿಷಿನಲ್ಲೂ ಇದೆ, ಆದರೆ ಅಲ್ಲಿ ಅದರ ಅರ್ಥ ನಾಟಕವಾಡುವುದು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ಎಂಟೂವರೆಗೆ ಫಿರ್ಮೀನು ಅವರ ಅಡುಗೆಮನೆಯ ಬಾಗಿಲು ತಟ್ಟಿದಾಗ ಮಿಸೆಸ್ ಹಾಲಿಸ್ ಏಪ್ರನ್ ಕಟ್ಟಿಕೊಂಡು ಆಲೂಗಡ್ಡೆ ಹೆರೆಯುತ್ತಿದ್ದರು. ಸಿಪ್ಪೆಯ ಜೊತೆ ಅರ್ಧ ಗಡ್ಡೆಯೂ ಹೋಗುತ್ತಿತ್ತು. ಅದನ್ನು ನೋಡಿ ಅವನ ಮನಸ್ಸು ಇನ್ನಷ್ಟು ಗಟ್ಟಿಯಾಯಿತು. ಟೋಪಿ ತೆಗೆದ.

“ಮಿಸೆಸ್ ಹಾಲಿಸ್, ಐ ಪ್ರಿಟೆಂಡ್ ಟು ಮ್ಯಾರಿ ಯೂ.”

ಅವರು ಆಲೂಗಡ್ಡೆ ಕೆಳಗಿಟ್ಟು ಅವನನ್ನೇ ನೋಡಿದರು. ಅವರ ಕಿವಿಗೆ ಬಿದ್ದದ್ದು, ನಿಮ್ಮನ್ನು ಮದುವೆಯಾಗುವವನ ಹಾಗೆ ನಟಿಸುತ್ತೇನೆ ಎಂದು. ಹಿಂದಿನ ಬುಧವಾರವಷ್ಟೇ ಅವರು ಕ್ಲಾಸಿನಲ್ಲಿ ತಮ್ಮ ಅಕ್ಕನ ವಿಷಯ ಹೇಳಿಕೊಂಡಿದ್ದರು. ಅಕ್ಕ ಡೊರೀನ್ ಇಂಗ್ಲೆಂಡಿನಿಂದ ಪ್ರತಿ ವರ್ಷ ಬಂದು, ಒಂಟಿ ಹೆಂಗಸು ಇಲ್ಲಿ ಬಿದ್ದು ಕಾಲು ಮುರಿದುಕೊಂಡರೆ ಯಾರು ದಿಕ್ಕು, ಮನೆ ಮಾರಿ ನನ್ನ ಜೊತೆ ಬಾ ಎಂದು ಜೀವ ತಿನ್ನುತ್ತಾಳೆ, ಈ ಭಾನುವಾರವೂ ಬರುತ್ತಿದ್ದಾಳೆ, ತೋರಿಸಲು ಒಬ್ಬ ಗಂಡಸಿದ್ದರೆ ನಾನು ಪಾರಾಗುತ್ತಿದ್ದೆ ಎಂದಿದ್ದರು. ಕ್ಲಾಸು ನಕ್ಕಿತ್ತು. ಎಲ್ಲರೂ ನಗುತ್ತಿದ್ದಾರೆಂದು ಫಿರ್ಮೀನುವೂ ನಕ್ಕಿದ್ದ.

“ಬುಧವಾರ ನಾನು ಹೇಳಿದ್ದು ನಿಮಗೆ ಅರ್ಥವಾಗಿತ್ತಾ?” ಎಂದು ಕೇಳಿದರು.

ಇಂಗ್ಲಿಷಿನವರು ಏನು ಕೇಳಿದರೂ ‘ಯೆಸ್, ಆಫ್ ಕೋರ್ಸ್’ ಎಂದರೆ ಕೆಲಸ ಕೆಡುವುದಿಲ್ಲ ಎಂಬುದು ಅವನ ಹತ್ತೊಂಬತ್ತು ವರ್ಷದ ಅನುಭವ. ಹಾಗೇ ಎಂದ. ಅವರ ಕಣ್ಣು ಒದ್ದೆಯಾಯಿತು.

“ನಾನೇ ಯಾರನ್ನಾದರೂ ಕೇಳಬೇಕೆಂದಿದ್ದೆ, ಬಾಯಿ ಬರಲಿಲ್ಲ. ಒಪ್ಪಿದೆ ಫಿರ್ಮೀನು. ಇವತ್ತೇ ಒಂದು ಗಂಟೆಗೆ ಊಟಕ್ಕೆ ಬನ್ನಿ. ಡೊರೀನ್ ಅಷ್ಟರಲ್ಲಿ ಬಂದಿರುತ್ತಾಳೆ.”

ಇಂಗ್ಲಿಷಿನವರು ಎಲ್ಲದಕ್ಕೂ ನಿಧಾನ ಎಂದು ಅವನು ಕೇಳಿದ್ದ. ಇದು ಕುಕ್ಕರಿಗಿಂತ ಬೇಗ ಆಯಿತು. ಮದುವೆ ಮಾತಿಗೆ ನೆಂಟರಿಲ್ಲದೆ ಹೋಗುವುದು ನಮ್ಮಲ್ಲಿ ಇಲ್ಲ. ನೆಂಟರಿಗೆ ನಾವು ‘ಪರೆಂತೆಸ್’ ಎನ್ನುತ್ತೇವೆ. ಈ ಸಲ ಬಾಲವನ್ನು ತಾನೇ ಕತ್ತರಿಸಿ, ನನ್ನ ಪೇರೆಂಟ್ಸನ್ನು ಕರೆತರಲೇ ಎಂದು ಕೇಳಿದ. ಅಷ್ಟು ವಯಸ್ಸಾದ ತಂದೆತಾಯಿ ಈ ಊರಿನಲ್ಲೇ ಇದ್ದಾರೆಯೇ ಎಂದು ಮಿಸೆಸ್ ಹಾಲಿಸ್ ಮರುಗಿ, ಖಂಡಿತ ಕರೆತನ್ನಿ ಎಂದು ಮೇಜಿಗೆ ಇನ್ನೆರಡು ತಟ್ಟೆ ಸೇರಿಸಿದರು.

ಫಿರ್ಮೀನು ಬಾಡಿಗೆಗಿದ್ದ ಮನೆ ಅವನ ದೊಡ್ಡಪ್ಪನ ಮಗಳು ಸೆಲೆಸ್ತೀನಳದು. ಸುದ್ದಿ ಕೇಳಿ ಅವಳು ಮೊದಲು ಅತ್ತಳು, ಆಮೇಲೆ ಬೈದಳು.

“ಒಂದು ಗಂಟೆಗಾ? ಇವತ್ತಾ? ಲೋ, ಬರಿಗೈಲಿ ಹೆಣ್ಣಿನ ಮನೆಗೆ ಹೋಗೋದಕ್ಕೆ ನಾವೇನು ದಿಕ್ಕಿಲ್ಲದವರಾ?”

ನಾಲ್ಕು ತಾಸಿನೊಳಗೆ ಆ ಮನೆಯಲ್ಲಿ ಆದ ಕೆಲಸ ಹೋಟೆಲಿನಲ್ಲಿ ಎರಡು ದಿನಕ್ಕೂ ಆಗುತ್ತಿರಲಿಲ್ಲ. ಬೆಳ್ಳುಳ್ಳಿ ಬೆಣ್ಣೆಯ ರೊಟ್ಟಿ ಸುಟ್ಟರು, ಕಂಬಿಗೆ ಮಾಂಸ ಚುಚ್ಚಿದರು, ಕ್ರಿಸ್ಮಸ್ಸಿನಿಂದ ಜೋಪಾನವಾಗಿಟ್ಟಿದ್ದ, ವರ್ಷವಾದರೂ ಕೆಡದ ಕಾಕಂಬಿ ಕೇಕನ್ನು ಸೆಲೆಸ್ತೀನ ಬೀರುವಿನಿಂದ ಇಳಿಸಿದಳು. ಸತ್ತುಹೋದ ಅಮ್ಮನ ಉಂಗುರವನ್ನು ಫಿರ್ಮೀನು ಪೆಟ್ಟಿಗೆಯ ತಳದಿಂದ ತೆಗೆದ. ಒಂದಕ್ಕೆ ಐದು ನಿಮಿಷವಿರುವಾಗ ಮಿಸೆಸ್ ಹಾಲಿಸ್ ಬಾಗಿಲಲ್ಲಿ ಫಿರ್ಮೀನು, ಅವನ ಹಿಂದೆ ಸೆಲೆಸ್ತೀನ, ಜೆಫೆರೀನು ಸೇರಿ ಹನ್ನೊಂದು ಜನ, ಮೂರು ಬುಟ್ಟಿ.

ಬಾಗಿಲು ತೆರೆದವಳು ಡೊರೀನ್. ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತಳಾದವಳು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಟ್ಟೆಯಂತೆ ನಿಂತಿದ್ದಳು. ನಮ್ಮವರು ಪದ್ಧತಿಯಂತೆ ಒಬ್ಬೊಬ್ಬರಾಗಿ ಎರಡೂ ಕೆನ್ನೆಗೆ ಮುತ್ತಿಟ್ಟು ಒಳಗೆ ಹೋದರು. ಹನ್ನೊಂದು ಜನರಿಂದ ಇಪ್ಪತ್ತೆರಡು ಮುತ್ತು. ಐದನೆಯದಕ್ಕೆ ಡೊರೀನ್ ಕಣ್ಣು ಮುಚ್ಚಿದಳು. ಹದಿನೈದನೆಯದಕ್ಕೆ ಗೋಡೆ ಹಿಡಿದಳು.

“ಇವರೆಲ್ಲ ಯಾರು?”

“ನನ್ನ ಪೇರೆಂಟ್ಸು,” ಎಂದ ಫಿರ್ಮೀನು ಹೆಮ್ಮೆಯಿಂದ.

“ಎಲ್ಲರೂ?”

“ಇಲ್ಲ. ಇನ್ನೂ ನಾಲ್ಕು ಜನಕ್ಕೆ ಇವತ್ತು ಡ್ಯೂಟಿ ಇದೆ.”

ಮೇಜಿನ ಮೇಲೆ ಒಂದು ಕೋಳಿ, ಬೇಯಿಸಿದ ಕ್ಯಾರೆಟ್ಟು, ಒಬ್ಬೊಬ್ಬರಿಗೆ ಮೂರರಂತೆ ಐದು ಜನಕ್ಕೆ ಆಲೂಗಡ್ಡೆ ಇತ್ತು. ಸೆಲೆಸ್ತೀನ ಅದನ್ನು ನೋಡಿ, ಪಾಪ ಬಡವರು ಎಂದು ಪಿಸುಗುಟ್ಟಿ ಬುಟ್ಟಿ ಬಿಚ್ಚಿದಳು. ಕುರ್ಚಿ ಸಾಲದೆ ಐದಾರು ಜನ ಮೆಟ್ಟಿಲ ಮೇಲೆ ಕುಳಿತರು. ಡೊರೀನ್ ಕಾಕಂಬಿ ಕೇಕಿನ ತುಣುಕು ಬಾಯಿಗಿಟ್ಟು, ಬಂದಾಗಿನಿಂದ ಮೊದಲ ಸಲ ಮುಖ ಸಡಿಲಿಸಿ, “ಎಕ್ಸ್‌ಕ್ವಿಸಿಟ್,” ಎಂದಳು. ಬಲು ಸೊಗಸಾಗಿದೆ ಎಂದು ಅದರ ಅರ್ಥ. ನಮ್ಮ ‘ಇಷ್ಕಿಸೀತು’ ಕೇಳಲು ಹಾಗೇ ಇದೆ, ಅರ್ಥ ಮಾತ್ರ ವಿಚಿತ್ರ, ವಿಲಕ್ಷಣ ಎಂದು. ಏನಂತೆ ಎಂದು ಸೆಲೆಸ್ತೀನ ಕೇಳಿದಳು. ಜೆಫೆರೀನು ಬಾಲ ಜೋಡಿಸಿ, “ಒಂಥರಾ ಇದೆಯಂತೆ ಅಕ್ಕಾ,” ಎಂದ. ಸೆಲೆಸ್ತೀನ ಎದ್ದುಹೋಗಿ ಡೊರೀನಳ ಮುಂದಿನ ತಟ್ಟೆಯನ್ನು ಎತ್ತಿಕೊಂಡಳು. ಹೊಗಳಿದರೆ ತಟ್ಟೆ ಕಿತ್ತುಕೊಳ್ಳುವುದು ಇವರ ಸಂಪ್ರದಾಯವಿರಬೇಕೆಂದು ಡೊರೀನ್ ಸುಮ್ಮನಾದಳು. ಆದರೆ ಕಣ್ಣು ಕೇಕಿನ ಹಿಂದೆಯೇ ಹೋಯಿತು.

ಫಿರ್ಮೀನು ಉಂಗುರ ತೆಗೆದು ಎಲ್ಲರೆದುರು ಮಿಸೆಸ್ ಹಾಲಿಸ್ ಬೆರಳಿಗೆ ತೊಡಿಸಿದ. ಉಂಗುರದವರೆಗೂ ಯೋಚಿಸಿದ್ದೀರಲ್ಲ ಎಂದು ಅವರು ಅವನ ಕಿವಿಯಲ್ಲಿ ಮೆಚ್ಚಿಕೊಂಡರು. ಬೇಸಿಗೆಯಲ್ಲಿ ಹೋಟೆಲುಗಳಲ್ಲಿ ಕೆಲಸ ಹೆಚ್ಚು, ಆದ್ದರಿಂದ ಪಾದ್ರಿಯ ಹತ್ತಿರ ಅಕ್ಟೋಬರಿಗೆ ದಿನ ಕೇಳುತ್ತೇನೆ ಎಂದು ಜೆಫೆರೀನು ಎದ್ದು ನಿಂತು ಸಾರಿದ. ಇವರೆಲ್ಲ ಎಷ್ಟು ಚೆನ್ನಾಗಿ ಅಭಿನಯಿಸುತ್ತಿದ್ದಾರೆ ಎಂದುಕೊಂಡು ಮಿಸೆಸ್ ಹಾಲಿಸ್ ಅದಕ್ಕೂ ತಲೆಯಾಡಿಸಿದರು.

ಡೊರೀನ್ ಮಾತ್ರ ಬಿಡಲಿಲ್ಲ. ಮೂವತ್ತು ವರ್ಷ ರೋಗಿಗಳ ಸುಳ್ಳು ಕೇಳಿದವಳು. ನನ್ನ ತಂಗಿಯಲ್ಲಿ ಏನು ಕಂಡಿರಿ ಎಂದು ನೇರವಾಗಿ ಕೇಳಿದಳು. ಫಿರ್ಮೀನು ಜೆಫೆರೀನುವಿನ ಕಡೆ ನೋಡಲಿಲ್ಲ. ತನಗೆ ಗೊತ್ತಿದ್ದ ಪದಗಳನ್ನೇ ಒಂದೊಂದಾಗಿ ಮೇಜಿನ ಮೇಲಿಟ್ಟ.

“ಒಂದು ಬುಧವಾರ. ಮಳೆ. ಕ್ಲಾಸಿಗೆ ಬೀಗ. ಮಿಸೆಸ್ ಹಾಲಿಸ್‌ಗೆ ಜ್ವರ. ಎಲ್ಲರೂ ಮನೆಗೆ. ನಾನು ನಿಂತೆ. ಪಾಠ ಮುಗಿಯೋ ಹೊತ್ತಿನವರೆಗೆ ನಿಂತೆ. ಆಮೇಲೆ ಮನೆಗೆ.”

ಡೊರೀನ್ ಕ್ಯಾರೆಟ್ಟಿನ ಬಟ್ಟಲನ್ನು ಅವನ ಕಡೆ ಸರಿಸಿದಳು.

ನಾಲ್ಕಕ್ಕೆ ಪೇರೆಂಟ್ಸು ಹೊರಟರು. ಡೊರೀನ್ ಫೋನ್ ಮಾಡಬೇಕೆಂದು ಮಹಡಿಗೆ ಹೋದಳು. ಫಿರ್ಮೀನು ತೋಳು ಮಡಚಿ ಪಾತ್ರೆ ತೊಳೆಯಲು ನಿಂತ. ಮಿಸೆಸ್ ಹಾಲಿಸ್ ಪಕ್ಕದಲ್ಲಿ ನಿಂತು ಸೋಪು ಹಚ್ಚಿ ಉಂಗುರ ಕಳಚಿದರು, ಒರೆಸಿದರು, ಅವನ ಅಂಗಿಯ ಜೇಬಿಗೆ ಹಾಕಿದರು. ಪಾತ್ರೆ ತೊಳೆಯುವಾಗ ಒಳ್ಳೆಯ ಅಭ್ಯಾಸ ಎಂದುಕೊಂಡ ಅವನು.

“ನಿಮ್ಮ ಉಪಕಾರ ಮರೆಯಲ್ಲ. ಎಷ್ಟು ಚೆನ್ನಾಗಿ ಪ್ರಿಟೆಂಡ್ ಮಾಡಿದಿರಿ,” ಎಂದರು ಅವರು.

“ಹೌದು. ಅಕ್ಟೋಬರ್ ನಿಮಗೆ ಚಳಿ ಆಗುತ್ತಾ? ಸೆಪ್ಟೆಂಬರ್ ಕೇಳಲಾ?”

ಮಿಸೆಸ್ ಹಾಲಿಸ್ ಕೈಯಲ್ಲಿದ್ದ ಬಟ್ಟೆ ನಿಂತಿತು. ಅವರು ಶಿಕ್ಷಕಿ. ತಪ್ಪು ಎಲ್ಲಿದೆ ಎಂದು ಹಿಡಿಯಲು ಅವರಿಗೆ ತಡವಾಗಲಿಲ್ಲ. ಕಪಾಟಿನಿಂದ ಎರಡು ಭಾಷೆಯ ನಿಘಂಟು ತಂದು, ಬೆರಳಿಟ್ಟು ತೋರಿಸಿದರು. ಫಿರ್ಮೀನು ಒದ್ದೆ ಕೈ ಬೆನ್ನ ಹಿಂದೆ ಇಟ್ಟುಕೊಂಡು ಓದಿದ. ಮತ್ತೊಮ್ಮೆ ಓದಿದ. 

“ಹಾಗಾದರೆ ನೀವು ಒಪ್ಪಿದ್ದು?”

“ನಾಟಕಕ್ಕೆ. ಫಿರ್ಮೀನು, ನನಗೆ ತಿಳಿದಿದ್ದರೆ ಖಂಡಿತ ಹೀಗೆ ಮಾಡುತ್ತಿರಲಿಲ್ಲ. ನೀವು ಬಹಳ ಒಳ್ಳೆಯವರು. ಆದರೆ ಮತ್ತೆ ಮದುವೆಯಾಗುವ ಯೋಚನೆ ನನಗಿಲ್ಲ.”

ಅವನು ನಲ್ಲಿ ನಿಲ್ಲಿಸಿದ. ತೊಳೆದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟ. ಎದೆ ನೋಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹನ್ನೊಂದು ಜನಕ್ಕೂ ಡ್ಯೂಟಿಯಲ್ಲಿದ್ದ ನಾಲ್ವರಿಗೂ ಇದನ್ನು ಯಾವ ಭಾಷೆಯಲ್ಲಿ ಹೇಳುವುದೆಂದು ತಿಳಿಯುತ್ತಿರಲಿಲ್ಲ. ಟೋಪಿ ತೆಗೆದುಕೊಂಡ. ನಿಮ್ಮಕ್ಕ ಊರಿಗೆ ಹೋಗುವವರೆಗೆ ಯಾರಿಗೂ ಹೇಳುವುದಿಲ್ಲ, ನಿಮ್ಮ ಮನೆ ಉಳಿಯಲಿ ಎಂದು ಅರ್ಧ ಮಾತಿನಲ್ಲಿ, ಅರ್ಧ ಕೈಯಲ್ಲಿ ಹೇಳಿದ.

ಆಗಲೇ ಡೊರೀನ್ ಮೆಟ್ಟಿಲಿಳಿದು ಬಂದಳು. ಮುಖದಲ್ಲಿ ಇಸ್ತ್ರಿಯ ಗೆರೆ ಒಂದೂ ಇರಲಿಲ್ಲ.

“ನಿಜ ಹೇಳ್ತೀನಿ, ನನ್ನ ಕಣ್ಣಿಗೆ ಮಣ್ಣೆರಚೋಕೆ ಯಾರನ್ನೋ ತಂದು ಕೂರಿಸಿದ್ದೀಯ ಅಂತಲೇ ಅಂದ್ಕೊಂಡಿದ್ದೆ. ಆದರೆ ಆ ಬೀಗದ ಮಾತು ಹೇಳುವಾಗ ಈ ಮನುಷ್ಯನ ಮುಖ ನೋಡಿದೆ. ಅದು ನಾಟಕದ ಮುಖ ಅಲ್ಲ. ಇನ್ನು ನಿನಗೆ ಮನೆ ಮಾರು ಅನ್ನಲ್ಲ.”

ಮಿಸೆಸ್ ಹಾಲಿಸ್ ಉಸಿರು ಬಿಟ್ಟರು. ಡೊರೀನ್ ಮುಗಿಸಿರಲಿಲ್ಲ. ನಾಳೆಯ ಹಡಗಿನ ಟಿಕೆಟನ್ನು ಫೋನಿನಲ್ಲೇ ರದ್ದು ಮಾಡಿದ್ದಳು. ಅಕ್ಟೋಬರಿನ ಮದುವೆ ಮುಗಿಯುವವರೆಗೆ ಇಲ್ಲೇ ಇರುತ್ತಾಳಂತೆ. ಆ ಕೇಕಿನ ಹೆಂಗಸಿನ ಹತ್ತಿರ ಕೇಕು ಮಾಡುವುದನ್ನು ಕಲಿಯುವ ಯೋಚನೆಯೂ ಇತ್ತು.

ಮಿಸೆಸ್ ಹಾಲಿಸ್ ಫಿರ್ಮೀನುವಿನ ಕಡೆ ನೋಡಿದರು. ಆ ನೋಟಕ್ಕೆ ನಿಘಂಟು ಬೇಕಿರಲಿಲ್ಲ. ಅವನು ಟೋಪಿಯನ್ನು ಮತ್ತೆ ಗೂಟಕ್ಕೆ ಹಾಕಿದ.

“ಇನ್ನೊಂದು ವಿಷಯ,” ಎಂದಳು ಡೊರೀನ್. “ಎರಡು ವರ್ಷ ಪಾಠ ಮಾಡಿ ಈತನಿಗೆ ನೀನು ಕಲಿಸಿದ್ದು ಇಷ್ಟೇನಾ? ನಿನ್ನದು ಮೆದು ಕೈ. ಇನ್ಮೇಲೆ ಈತ ಬುಧವಾರದ ಕ್ಲಾಸಿಗೆ ಬರೋದು ಬೇಡ. ಇಲ್ಲೇ ನಾನು ಹೇಳಿಕೊಡ್ತೀನಿ, ದಿನಾ ಸಂಜೆ ಒಂದು ಗಂಟೆ. ಇವತ್ತಿನಿಂದಲೇ ಶುರು. ನೀನು ಸ್ವಲ್ಪ ಗಾಳಿಗೆ ಹೋಗಿ ಬಾ, ಬೆಳಿಗ್ಗೆಯಿಂದ ದಣಿದಿದ್ದೀಯ.”

ಮಿಸೆಸ್ ಹಾಲಿಸ್ ಕೋಟು ಹಾಕಿಕೊಂಡು ಹೊರಟರು. ಬಹಳ ವರ್ಷಗಳ ಹೊರೆ ಇಳಿಸಿದವರಂತೆ ಹಗುರಾಗಿ ಕಡಲ ದಾರಿ ಹಿಡಿದದ್ದು ಕಿಟಕಿಯಿಂದ ಕಾಣುತ್ತಿತ್ತು. ಫಿರ್ಮೀನು ಅವರು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತಿದ್ದ.

ಡೊರೀನ್ ಅವನೆದುರು ಕುರ್ಚಿ ಎಳೆದುಕೊಂಡು ಕುಳಿತಳು, ಕನ್ನಡಕ ಹಾಕಿಕೊಂಡಳು, ಪೆನ್ಸಿಲಿನಿಂದ ಮೇಜು ತಟ್ಟಿದಳು.

“ಇತ್ತ ನೋಡಿ. ಕಿಟಕಿಯಲ್ಲೇನಿದೆ?”